ಬೇಸಿಗೆ ಬಂದಮೇಲೆ ಬ್ರೆಡ್ ಮಷೀನಿನ ಬ್ರೆಡ್ ನೆತ್ತಿ ಕುಸಿಯುತ್ತಿದೆ, ಏನು ಮಾಡಲಿ?

ಗುಮ್ಮಟದೂರಿನ ಸೊಸೆ (ವಿಜಯಪುರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿರುವ ನನ್ನ ಮೈದುನ ದೀಪಾವಳಿಗೆ ಬಂದಾಗ ಒಂದು ಬ್ರೆಡ್ ಮಷೀನ್ ತಂದುಕೊಟ್ಟ. ಹಿಟ್ಟು, ನೀರು, ಯೀಸ್ಟ್ ಹಾಕಿ ಬಟನ್ ಒತ್ತಿದರೆ ಸಾಕು. ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲ ಅದೇ ಮಾಡುತ್ತದೆ. ಚಳಿಗಾಲ ಪೂರ್ತಿ ಬ್ರೆಡ್ ಚೆನ್ನಾಗಿಯೇ ಬಂತು. ಯುಗಾದಿ ಆದಮೇಲೆ ಏನಾಯಿತೋ ಗೊತ್ತಿಲ್ಲ. ಕಣಕ ಮುಚ್ಚಳಕ್ಕೆ ತಾಗುವಷ್ಟು ಉಬ್ಬುತ್ತದೆ, ಬೇಯುವ ಹೊತ್ತಿಗೆ ನೆತ್ತಿ ಕುಸಿದು ನಡುವೆ ಗುಂಡಿ ಬೀಳುತ್ತದೆ. ಕೊಯ್ದರೆ ಒಳಗೆ ದೊಡ್ಡ ದೊಡ್ಡ ತೂತು. ಸ್ವಲ್ಪ ಹುಳಿ ವಾಸನೆ ಬೇರೆ.

ಅಳತೆ ಏನೂ ಬದಲಾಯಿಸಿಲ್ಲ. ಮಷೀನ್ ಜೊತೆ ಬಂದ ಪುಸ್ತಕದಲ್ಲಿ ಇರುವ ಹಾಗೆಯೇ ಮೈದಾ 3 ಕಪ್, ನೀರು 1 ಕಪ್ಪಿಗಿಂತ ಸ್ವಲ್ಪ ಜಾಸ್ತಿ, ಯೀಸ್ಟ್ 2 ಟೀ ಚಮಚ, ಆಮೇಲೆ ಉಪ್ಪು, ಸಕ್ಕರೆ, ಎಣ್ಣೆ. ರಾತ್ರಿ ಟೈಮರ್ ಇಟ್ಟು ಮಲಗುತ್ತೇನೆ. ಬೆಳಿಗ್ಗೆ ಮಕ್ಕಳ ನಾಷ್ಟಾಕ್ಕೆ ಬೇಕು.

ಇನ್ನೊಂದು ವಿಷಯ. ನಮ್ಮದೇ ಹೊಲದ ಗೋಧಿ ಇದೆ, ಗಿರಣಿಯಲ್ಲಿ ಬೀಸಿಸುತ್ತೇವೆ. ಆ ಹಿಟ್ಟು ಹಾಕಿದರೆ ಬ್ರೆಡ್ ಇಟ್ಟಿಗೆ ಆಗುತ್ತದೆ. ಜೋಳದ ಹಿಟ್ಟಿನಲ್ಲಿ ಆಗುತ್ತದಾ ಅಂತ ಅತ್ತೆಯವರು ಕೇಳುತ್ತಿದ್ದಾರೆ. ನಡುವೆ ಕರೆಂಟ್ ಹೋದರೆ ಏನು ಮಾಡಬೇಕು ಅನ್ನುವುದನ್ನೂ ಹೇಳಿ. ಮಷೀನ್ ತಿರುಗುವಾಗೆಲ್ಲ ಅತ್ತೆಯವರು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. "ನಾಲ್ಕು ತಾಸಿಗೆ ಒಂದು ಬ್ರೆಡ್ಡಾ? ಇಷ್ಟೊತ್ತಿಗೆ ನಾನು ಇಡೀ ಓಣಿಗೆ ರೊಟ್ಟಿ ಬಡಿದಿರುತ್ತಿದ್ದೆ" ಅನ್ನುತ್ತಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಖಡಕ್ ರೊಟ್ಟಿ (ವಿಜಯಪುರ):

ನಿಮ್ಮ ಅತ್ತೆಯವರು ಹೇಳುವುದೇ ಸರಿ ಇದೆ ಅಕ್ಕಾ. ಗಾಂಧಿ ಚೌಕಕ್ಕೆ ಹೋದರೆ ಬೇಕರಿಯಲ್ಲಿ ಬೇಕಾದಷ್ಟು ಬ್ರೆಡ್ ಸಿಗುತ್ತದೆ. ಈ ಬಿಸಿಲಲ್ಲಿ ಮನೆಯೊಳಗೆ ಇನ್ನೊಂದು ಒಲೆ ಯಾಕೆ? ಕರೆಂಟ್ ಬಿಲ್ ಬೇರೆ.

ರಿವೈಂಡಿಂಗ್ ಕಾಕಾ (ನವನಗರ, ಬಾಗಲಕೋಟೆ):

ಮೊದಲು ಬಿಲ್ಲಿನ ಮಾತು ಮುಗಿಸಿಬಿಡೋಣ. ಈ ಮಷೀನಿನ ಹೀಟರ್ 500-600 ವ್ಯಾಟ್. ಅದು ಪೂರಾ ಉರಿಯುವುದು ಕೊನೆಯ ಒಂದು ತಾಸು ಮಾತ್ರ, ಅದೂ ಬಿಟ್ಟು ಬಿಟ್ಟು. ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ ಆಸುಪಾಸು. ಅಷ್ಟಕ್ಕೆ ಯಾರ ಮನೆಯೂ ಮುಳುಗುವುದಿಲ್ಲ ಸರ.

ಈಗ ನೋಡ್ರಿ ತಂಗಿ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಮಿಕ್ಸರ್, ಕೂಲರ್ ಇವೇ ನನ್ನ ಹೊಟ್ಟೆಪಾಡು. ಒಮ್ಮೆ ಯಾರೋ ಒಂದು ಬ್ರೆಡ್ ಮಷೀನ್ ರಿಪೇರಿಗೆ ತಂದಿಟ್ಟರು, ಆಮೇಲೆ ವಾಪಸ್ ಒಯ್ಯಲು ಬರಲೇ ಇಲ್ಲ. ಬಿಚ್ಚಿ ಸರಿ ಮಾಡಿ ಮನೆಗೆ ತಂದೆ. ಈಗ ನಮ್ಮ ಮನೆಯಲ್ಲಿ ಬ್ರೆಡ್ ಮಾಡುವವನು ನಾನೇ. ನಮ್ಮ ಮನೆಯವರು ಅದನ್ನು ಮುಟ್ಟುವುದೂ ಇಲ್ಲ.

ಆ ಡಬ್ಬಿಯೊಳಗೆ ಏನಿದೆ ಹೇಳುತ್ತೇನೆ, ನಿಮ್ಮ ಅರ್ಧ ಉತ್ತರ ಅಲ್ಲೇ ಇದೆ. ಒಂದು ಸಣ್ಣ ಮೋಟಾರು. ಒಂದು ಹಲ್ಲಿನ ಬೆಲ್ಟು. ಬೆಲ್ಟಿನ ಆ ಕಡೆ ಒಂದು ದೊಡ್ಡ ಪುಲ್ಲಿ, ಅದರ ಮೇಲೆ ಬ್ಲೇಡ್ ತಿರುಗಿಸುವ ಶಾಫ್ಟು. ಪಾತ್ರೆಯ ಸುತ್ತ ಹೀಟರ್ ಕಾಯಿಲ್. ಗೋಡೆಗೆ ಅಂಟಿಕೊಂಡಂತೆ ಒಂದು ಟೆಂಪರೇಚರ್ ಸೆನ್ಸರ್. ಮೇಲೆ ಗಡಿಯಾರ ಇರುವ ಬೋರ್ಡು. ಇಷ್ಟೇ. ಕಣಕ ಉಬ್ಬಿತಾ ಇಲ್ಲವಾ ಅಂತ ನೋಡುವ ಸಾಮಾನು ಅದರಲ್ಲಿ ಒಂದೂ ಇಲ್ಲ. ಇಷ್ಟು ಹೊತ್ತು ನಾದು, ಇಷ್ಟು ಹೊತ್ತು ಸುಮ್ಮನಿರು, ಒಂದು ಸುತ್ತು ತಿರುಗಿಸಿ ಗಾಳಿ ಇಳಿಸು, ಮತ್ತೆ ಇಷ್ಟು ಹೊತ್ತು ಸುಮ್ಮನಿರು, ಆಮೇಲೆ ಹೀಟರ್ ಹಚ್ಚು. ಎಲ್ಲ ಗಡಿಯಾರದ ಲೆಕ್ಕ.

ಯೀಸ್ಟ್ ಗಡಿಯಾರ ನೋಡುವುದಿಲ್ಲ, ಶಾಖ ನೋಡುತ್ತದೆ. ಚಳಿಗಾಲದಲ್ಲಿ ಒಂದು ತಾಸಿಗೆ ಮಾಡುವ ಕೆಲಸವನ್ನು ನಿಮ್ಮೂರಿನ 40 ಡಿಗ್ರಿ ಬಿಸಿಲಿನಲ್ಲಿ ಅರ್ಧ ತಾಸಿಗೇ ಮುಗಿಸುತ್ತದೆ. ಆದರೆ ಮಷೀನಿನ ಲೆಕ್ಕದಲ್ಲಿ ಇನ್ನೂ ಅರ್ಧ ತಾಸು ಬಾಕಿ ಇರುತ್ತದೆ. ಅಷ್ಟರಲ್ಲಿ ಕಣಕ ಹಿಗ್ಗಿ ಹಿಗ್ಗಿ ಅಂಟಿನ ಶಕ್ತಿ ಹೋಗಿರುತ್ತದೆ. ಹೀಟರ್ ಹತ್ತಿದ ಕೂಡಲೇ ಒಳಗಿನ ಗಾಳಿ ಇನ್ನಷ್ಟು ಹಿಗ್ಗುತ್ತದೆ, ಅದನ್ನು ಹಿಡಿದಿಡಲು ಆಗುವುದಿಲ್ಲ, ಕೂತುಬಿಡುತ್ತದೆ. ಹುಳಿ ವಾಸನೆಯೂ ಅದರದ್ದೇ. ನಿಮ್ಮ ಮಷೀನಿಗೆ ಏನೂ ಆಗಿಲ್ಲ, ಹೆದರಬೇಡಿ.

ನಾದಿ ಮುಗಿದಾಗ ಕಣಕ 26 ಡಿಗ್ರಿ ಹತ್ತಿರ ಇರಬೇಕು. ಬೇಕರಿಯವರು ಇದಕ್ಕೊಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. 26ನ್ನು ಮೂರು ಪಟ್ಟು ಮಾಡಿ, 78. ಅಡುಗೆಮನೆ 36 ಡಿಗ್ರಿ, ಹಿಟ್ಟು 34 ಡಿಗ್ರಿ ಇದ್ದರೆ ಎರಡನ್ನೂ ಕಳೆಯಿರಿ. ಉಳಿದದ್ದು 8. ಅಂದರೆ ನೀರು 8 ಡಿಗ್ರಿ ಇರಬೇಕು. ನಾದುವಾಗ ಬ್ಲೇಡಿನ ತಿಕ್ಕಾಟಕ್ಕೆ ಇನ್ನೂ ಕೆಲವು ಡಿಗ್ರಿ ಏರುತ್ತದೆ, ಹಾಗಾಗಿ ಅದಕ್ಕಿಂತ ತಣ್ಣಗಿದ್ದರೆ ಇನ್ನೂ ಒಳ್ಳೆಯದು. ಫ್ರಿಜ್ಜಿನ ನೀರಿಗೆ ಎರಡು ಐಸ್ ತುಂಡು ಹಾಕಿ, ಕರಗಿದ ಮೇಲೆ ತೂಗಿ ಹಾಕಿ. ನೀವು ನಲ್ಲಿಯ ನೀರು ಹಾಕುತ್ತಿದ್ದರೆ ಮಾಳಿಗೆ ಮೇಲಿನ ಟ್ಯಾಂಕನ್ನು ಒಮ್ಮೆ ನೆನಪಿಸಿಕೊಳ್ಳಿ. ಏಪ್ರಿಲ್ ಸಂಜೆ ಆ ನೀರಲ್ಲಿ ಸ್ನಾನ ಮಾಡಲೂ ಬಿಸಿ ಜಾಸ್ತಿ ಅನ್ನಿಸುತ್ತದೆ, ಅಲ್ವಾ?

ಯೀಸ್ಟ್ 2 ಚಮಚ ಈಗ ಬೇಡ. 1 ಟೀ ಚಮಚ, ಅಂದರೆ 3 ಗ್ರಾಂ ಸಾಕು. ಉಪ್ಪು ಕಡಿಮೆ ಮಾಡಬೇಡಿ. ಯೀಸ್ಟಿಗೆ ಲಗಾಮು ಹಾಕುವುದೇ ಉಪ್ಪು. ನನ್ನ ಬೇಸಿಗೆ ಅಳತೆ ಹೀಗಿದೆ. ಮೈದಾ 400 ಗ್ರಾಂ, ತಣ್ಣೀರು 250 ಗ್ರಾಂ, ಉಪ್ಪು 8 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ಯೀಸ್ಟ್ 3 ಗ್ರಾಂ. 750 ಗ್ರಾಂ ಸೈಜಿಗೆ ಇದು ಸರಿಹೋಗುತ್ತದೆ. ಕಪ್ಪು ಬಿಡಿ, ತಕ್ಕಡಿ ತಗೊಳ್ಳಿ. ಒತ್ತಿ ತುಂಬಿದ ಕಪ್ಪಿಗೂ ಸಡಿಲ ಕಪ್ಪಿಗೂ 20-30 ಗ್ರಾಂ ವ್ಯತ್ಯಾಸ ಬರುತ್ತದೆ. ಮೂರು ಕಪ್ಪಿಗೆ ಎಷ್ಟಾಯಿತು ನೋಡಿ.

ಬೇಸಿಗೆಯಲ್ಲಿ ಟೈಮರ್ ಕೈಬಿಡಿ. ರಾತ್ರಿ ಐಸ್ ನೀರು ಹಾಕಿದರೂ ಬೆಳಗಿನ ತನಕ ಅದು ಅಡುಗೆಮನೆಯಷ್ಟೇ ಬಿಸಿ ಆಗಿರುತ್ತದೆ. ಅಷ್ಟು ಹೊತ್ತಿನಲ್ಲಿ ನೀರು ಹಿಟ್ಟಿನೊಳಗೆ ಇಳಿದು ಯೀಸ್ಟ್ ಮುಟ್ಟಿದರೆ ಮಷೀನ್ ಶುರುವಾಗುವ ಮೊದಲೇ ಅದು ಕೆಲಸ ಶುರು ಮಾಡಿರುತ್ತದೆ. ಹಾಲು ಹಾಕಿಟ್ಟರಂತೂ ಕೆಡುತ್ತದೆ. ನಾನು ಮಾಡುವುದು ಹೀಗೆ. ರಾತ್ರಿ ಹಿಟ್ಟು ತೂಗಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದಾಗ ಮೊದಲು ನೀರು, ಎಣ್ಣೆ, ಉಪ್ಪು, ಸಕ್ಕರೆ, ಅದರ ಮೇಲೆ ಹಿಟ್ಟು, ಕೊನೆಗೆ ಯೀಸ್ಟ್ ಹಾಕಿ ಎರಡು ತಾಸಿನ ಕ್ವಿಕ್ ಪ್ರೋಗ್ರಾಂ ಒತ್ತುತ್ತೇನೆ. ಕ್ವಿಕ್ ಇಟ್ಟರೆ ಯೀಸ್ಟ್ ಜಾಸ್ತಿ ಹಾಕಿ ಅಂತ ಪುಸ್ತಕದಲ್ಲಿ ಇರುತ್ತದೆ. ಅದು ತಂಪು ದೇಶದ ಮಾತು. ನಮ್ಮ ಏಪ್ರಿಲ್‌ಗೆ ಬೇಡ. ಅಷ್ಟು ಹೊತ್ತಿನೊಳಗೆ ನಿಮ್ಮಲ್ಲಿ ಸರಿಯಾಗಿ ಉಬ್ಬುತ್ತದೆ.

ಕರೆಂಟ್ ವಿಷಯ. ಹೋಗಿ ಐದು-ಹತ್ತು ನಿಮಿಷಕ್ಕೆ ಬಂದರೆ ಸುಮಾರು ಮಷೀನುಗಳು ಬಿಟ್ಟಲ್ಲಿಂದ ಮುಂದುವರಿಸುತ್ತವೆ. ನಿಮ್ಮದಕ್ಕೆ ಎಷ್ಟು ನಿಮಿಷ ಅಂತ ಪುಸ್ತಕದಲ್ಲಿ ನೋಡಿ. ಅದಕ್ಕಿಂತ ಜಾಸ್ತಿ ಆದರೆ ಎಲ್ಲ ಮರೆತು ಮೊದಲಿನಿಂದ ಶುರು ಮಾಡುತ್ತದೆ. ನಾದುವಾಗ ಹೋಗಿದ್ದರೆ ಚಿಂತೆ ಇಲ್ಲ, ಮತ್ತೆ ಮೊದಲಿನಿಂದ ಹಚ್ಚಿ. ಉಬ್ಬುವಾಗ ಹೋದರೆ ಪಾತ್ರೆಯನ್ನು ಅಲ್ಲೇ ಬಿಡಿ, ಕಣಕ ಮುಕ್ಕಾಲು ಪಾತ್ರೆ ಬಂದಾಗ ಬೇಯಿಸುವ ಪ್ರೋಗ್ರಾಂ ಒಂದನ್ನೇ ಒತ್ತಿ. ಅಷ್ಟರೊಳಗೆ ಕರೆಂಟ್ ಬರದಿದ್ದರೆ ಕಣಕ ತೆಗೆದು ತವೆ ಮೇಲೆ ದಪ್ಪ ರೊಟ್ಟಿ ಹಾಕಿ, ಬೆಣ್ಣೆ ಹಚ್ಚಿ ತಿನ್ನಿ. ಇನ್ವರ್ಟರ್ ಮೇಲೆ ಹಚ್ಚಬಹುದಾ ಅಂತ ಮುಂದೆ ಯಾರಾದರೂ ಕೇಳುತ್ತಾರೆ, ಈಗಲೇ ಹೇಳುತ್ತೇನೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ನಾದುವುದಕ್ಕೆ ಓಡಿಸಿ. ಹಳೆಯ ಸ್ಕ್ವೇರ್ ವೇವ್ ಇದ್ದರೆ ಬೇಡ. ಮೋಟಾರು ಗುಂಯ್ ಅನ್ನುತ್ತ ಬಿಸಿಯಾಗುತ್ತದೆ, ಆಮೇಲೆ ನನ್ನ ಅಂಗಡಿಗೇ ಬರುತ್ತದೆ.

ಮೊದಲ ಹತ್ತು ನಿಮಿಷ ಮುಚ್ಚಳ ತೆಗೆದು ನೋಡಿ. ನಾದುವಾಗ ತೆಗೆದರೆ ಏನೂ ಆಗುವುದಿಲ್ಲ. ಕಣಕ ಒಂದೇ ಉಂಡೆಯಾಗಿ, ಪಾತ್ರೆಯ ಗೋಡೆ ಬಿಟ್ಟು, ಬೆರಳಿಗೆ ತುಸು ಅಂಟಿದರೆ ಹದ ಬಂತು. ಗೋಡೆಗೆ ಮೆತ್ತಿಕೊಂಡರೆ ಒಂದು ಚಮಚ ಹಿಟ್ಟು, ಒಣಗಿ ಬಿರುಕು ಬಿಟ್ಟರೆ ಒಂದು ಚಮಚ ನೀರು. ಮನೆಬಳಕೆಯ ಈ ಮಷೀನನ್ನು ಜಪಾನಿನ ಮತ್ಸುಶಿತಾ ಕಂಪನಿ, ಅಂದರೆ ಈಗಿನ ಪ್ಯಾನಾಸೋನಿಕ್, 1987ರಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ಮಾಡುವಾಗ ಕಣಕ ಸರಿಯಾಗಿ ನಾದಲು ಬರುತ್ತಿರಲಿಲ್ಲವಂತೆ. ಇಕುಕೊ ತನಾಕಾ ಅನ್ನುವ ಹೆಣ್ಣುಮಗಳು, ಸಾಫ್ಟ್‌ವೇರ್ ಕೆಲಸದವಳು, ಒಸಾಕಾದ ಒಂದು ಹೋಟೆಲಿನ ಬ್ರೆಡ್ ಮಾಡುವ ಮುಖ್ಯಸ್ಥನ ಹತ್ತಿರ ಕೆಲಸ ಕಲಿತಳು. ಅವನು ಕಣಕವನ್ನು ಹಿಗ್ಗಿಸುತ್ತ ತಿರುವುತ್ತಾನೆ ಅನ್ನುವುದನ್ನು ಗಮನಿಸಿ ಬಂದಳು. ಪಾತ್ರೆಯ ಒಳಗೋಡೆಗೆ ಏಣು ಇಟ್ಟಿದ್ದು ಅದಕ್ಕೇ. ಕೈ ಮಾಡುವ ಕೆಲಸ ನೋಡಿ ಮಷೀನ್ ಮಾಡಿದ್ದಾರೆ ಅಂದಮೇಲೆ ನಿಮ್ಮ ಅತ್ತೆಯವರು ಪಕ್ಕದಲ್ಲಿ ನಿಂತಿರುವುದು ಒಳ್ಳೆಯದೇ. ಇಷ್ಟು ವರ್ಷ ಹೋಳಿಗೆ ಕಣಕ ನಾದಿದ ಕೈ ಅದು. ಆ ಉಂಡೆ ಮುಟ್ಟಿ ಹದ ಹೇಳಲು ಅವರಿಗೇ ಬಿಡಿ.

ಕ್ಯಾಂಪಿನ ಕಡೆಯವಳು (ಬೆಳಗಾವಿ):

ಕಾಕಾ ಹೇಳಿದ್ದು ಸರಿ. ಆದರೆ 250 ಗ್ರಾಂ ನೀರು ಎಲ್ಲ ಕಾಲಕ್ಕೂ, ಎಲ್ಲ ಊರಿಗೂ ನಡೆಯುವುದಿಲ್ಲ ಕಾಕಾ. ನಮ್ಮಲ್ಲಿ ಜುಲೈ ಮಳೆ ಹಿಡಿದರೆ ಹಿಟ್ಟೇ ಹಸಿ ಹಿಡಿದಿರುತ್ತದೆ, ನಾನು 235ರಿಂದ ಶುರು ಮಾಡುತ್ತೇನೆ. ಡಿಸೆಂಬರ್‌ನಲ್ಲಿ ನಿಮ್ಮ ಮಾತಿಗೆ ಪೂರಾ ಉಲ್ಟಾ. ಉಗುರುಬೆಚ್ಚಗಿನ ನೀರು ಹಾಕದಿದ್ದರೆ ಬ್ರೆಡ್ ಮೇಲೇಳುವುದೇ ಇಲ್ಲ.

ಅಕ್ಕಾ, ನಿಮ್ಮ ಹೊಲದ ಗೋಧಿ ಯಾವುದು ಅಂತ ಮೊದಲು ಮನೆಯಲ್ಲಿ ಕೇಳಿ. ನಮ್ಮ ಕಡೆ ಬೆಳೆಯುವ ಸದಕ, ಅಂದರೆ ಖಪಲಿ ಗೋಧಿ ಆದರೆ ಅದರ ಅಂಟು ಬ್ರೆಡ್ ಎತ್ತಿ ಹಿಡಿಯುವಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೆ ಹುಗ್ಗಿಯೇ ಚೆಂದ. ಬನ್ಸಿ ಆದರೆ ಉಪ್ಪಿಟ್ಟಿನ ರವೆಗೆ ಒಳ್ಳೆಯದು, ಬ್ರೆಡ್ಡಿಗೆ ಅದೂ ಅಷ್ಟಕ್ಕಷ್ಟೆ. ಮಾಮೂಲಿ ಚಪಾತಿ ಗೋಧಿ ಆದರೆ ಅರ್ಧ ಮೈದಾ, ಅರ್ಧ ಗಿರಣಿ ಹಿಟ್ಟು ಹಾಕಿ ನೋಡಿ. ಗಿರಣಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ. 400 ಗ್ರಾಂ ಪೂರ್ತಿ ಅದೇ ಆದರೆ 280-290 ಗ್ರಾಂ ನೀರು ಬೇಕು. ಜೊತೆಗೆ ಒಂದು ಕೆಲಸ ಮಾಡಿ. ಯೀಸ್ಟ್ ಹಾಕದೆ ಮೂರು-ನಾಲ್ಕು ನಿಮಿಷ ಕಲಸಲು ಬಿಟ್ಟು ಮಷೀನ್ ಆಫ್ ಮಾಡಿ, ಅರ್ಧ ತಾಸು ಹಾಗೇ ನೆನೆಯಲಿ. ತೌಡು ಮೆತ್ತಗಾಗುತ್ತದೆ. ಆಮೇಲೆ ಯೀಸ್ಟ್ ಹಾಕಿ ಮೊದಲಿನಿಂದ ಹಚ್ಚಿ. ಹೋಲ್ ವೀಟ್ ಪ್ರೋಗ್ರಾಂ ಬೇಸಿಗೆಯಲ್ಲಿ ಹಚ್ಚಬೇಡಿ. ಕೆಲವು ಮಷೀನುಗಳಲ್ಲಿ ಅದು ನಾದುವ ಮೊದಲು ಎಲ್ಲವನ್ನೂ ಅರ್ಧ ತಾಸು ಬೆಚ್ಚಗೆ ಇಡುತ್ತದೆ. ನಿಮ್ಮ ಐಸ್ ನೀರು ದಂಡ.

ಜೋಳದಲ್ಲಿ ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಆ ಅಂಟು, ಇಲ್ಲ. ಪೂರ್ತಿ ಜೋಳದ್ದು ಈ ರೀತಿಯ ಬ್ರೆಡ್ ಆಗುವುದಿಲ್ಲ ಅಂತ ಅತ್ತೆಯವರಿಗೆ ಹೇಳಿಬಿಡಿ. ಸ್ವಲ್ಪ ಸೇರಿಸಬಹುದು. ರೊಟ್ಟಿಗೆ ಎಸರು ಹಾಕಿ ಕಲಸುವ ಹಾಗೆಯೇ 60 ಗ್ರಾಂ ಜೋಳದ ಹಿಟ್ಟಿಗೆ 90 ಗ್ರಾಂ ಕುದಿಯುವ ನೀರು ಹಾಕಿ ಕಲಸಿ. ಪೂರಾ ತಣ್ಣಗಾಗಲಿ, ಫ್ರಿಜ್ಜಿನಲ್ಲಿ ಇಟ್ಟರೂ ಆಯಿತು. ಆಮೇಲೆ 340 ಗ್ರಾಂ ಮೈದಾ ಜೊತೆ ಹಾಕಿ. ಆ 90 ಗ್ರಾಂ ನೀರನ್ನು ಒಟ್ಟು ನೀರಿನಲ್ಲಿ ಕಳೆಯುವುದು ಮರೆಯಬೇಡಿ. ಈ ಬ್ರೆಡ್ ಎರಡನೇ ದಿನವೂ ಮೆತ್ತಗಿರುತ್ತದೆ, ನನಗಂತೂ ಬರೀ ಮೈದಾ ಬ್ರೆಡ್ಡಿಗಿಂತ ಇದೇ ಇಷ್ಟ.

ಅಂಗಡಿ ಬ್ರೆಡ್ಡಿನ ಹಾಗೆ ಬೂಷ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ನಮ್ಮದರಲ್ಲಿ ಇರುವುದಿಲ್ಲ. ಬೇಸಿಗೆಯಲ್ಲಿ ಎರಡು ದಿನದೊಳಗೆ ತಿಂದು ಮುಗಿಸಿ. ಫ್ರಿಜ್ಜಿನಲ್ಲಿ ಇಟ್ಟರೆ ಬೇಗ ಬಿರುಸಾಗುತ್ತದೆ. ಉಳಿದರೆ ಹೋಳು ಮಾಡಿ ಫ್ರೀಜರಿನಲ್ಲಿ ಇಡಿ, ಬೇಕಾದಾಗ ತವೆ ಮೇಲೆ ಕಾಯಿಸಿ.

ಗುಮ್ಮಟದೂರಿನ ಸೊಸೆ (ವಿಜಯಪುರ):

ಕಾಕಾ, ಅಕ್ಕಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಐಸ್ ನೀರು, ಅರ್ಧ ಯೀಸ್ಟ್, ಕ್ವಿಕ್ ಪ್ರೋಗ್ರಾಂ ಮಾಡಿದೆ. ನೆತ್ತಿ ಕುಸಿಯಲಿಲ್ಲ! ಎತ್ತರ ಮೊದಲಿಗಿಂತ ಸ್ವಲ್ಪ ಕಡಿಮೆ, ಆದರೆ ಒಳಗೆ ಮೆತ್ತಗಿದೆ. ನೆತ್ತಿ ಮಾತ್ರ ಬಿಳಚಿಕೊಂಡಿದೆ, ಪಕ್ಕ ಎಲ್ಲ ಕೆಂಪಗಾಗಿದೆ. ಅತ್ತೆಯವರು ಕಣಕ ಮುಟ್ಟಿ "ಇನ್ನೊಂದು ಚಮಚ ನೀರು ಬೇಕು" ಅಂದರು, ಹಾಕಿದೆ. ಗೋಧಿ ಚಪಾತಿಯದ್ದೇ ಅಂತ ಮಾವನವರು ಹೇಳಿದರು, ಅದನ್ನು ಭಾನುವಾರ ನೋಡುತ್ತೇನೆ.

ಇನ್ನೆರಡು ಪ್ರಶ್ನೆ. ನಮ್ಮೂರಲ್ಲಿ ಒಣದ್ರಾಕ್ಷಿಗೆ ಬರ ಇಲ್ಲ, ಯಾವಾಗ ಹಾಕಬೇಕು? ಮತ್ತೆ ಬ್ಲೇಡ್ ಶಾಫ್ಟಿಗೆ ಕಚ್ಚಿಕೊಂಡು ಬರುತ್ತಲೇ ಇಲ್ಲ.

ರಿವೈಂಡಿಂಗ್ ಕಾಕಾ (ನವನಗರ, ಬಾಗಲಕೋಟೆ):

ಹೀಟರ್ ಇರುವುದು ಪಾತ್ರೆಯ ಸುತ್ತ, ಮುಚ್ಚಳದಲ್ಲಿ ಇಲ್ಲ. ಹಾಗಾಗಿ ನೆತ್ತಿ ಬಿಳಚಿಕೊಳ್ಳುವುದು ಮಾಮೂಲು. ಬೇಯುವ ಮೊದಲು ತುಸು ಹಾಲು ಸವರಿದರೆ ಸ್ವಲ್ಪ ಬಣ್ಣ ಬರುತ್ತದೆ.

ದ್ರಾಕ್ಷಿಯನ್ನು ನಾದುವ ಕೊನೆಯಲ್ಲಿ ಮಷೀನ್ ಬೀಪ್ ಕೊಟ್ಟಾಗ ಹಾಕಿ. ಮೊದಲೇ ಹಾಕಿದರೆ ಬ್ಲೇಡ್ ಅದನ್ನು ಚಟ್ನಿ ಮಾಡುತ್ತದೆ. ತೊಳೆದು ಒರೆಸಿ, ಒಂದು ಚಿಟಿಕೆ ಮೈದಾ ಹಚ್ಚಿ ಹಾಕಿ. 60-70 ಗ್ರಾಂ ಸಾಕು.

ಬ್ಲೇಡಿಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಡಿ, ಪಾತ್ರೆಯ ಕೋಟಿಂಗ್ ಹೋಗುತ್ತದೆ. ಪಾತ್ರೆಯೊಳಗೆ ಬಿಸಿನೀರು ಹಾಕಿ ಅರ್ಧ ತಾಸು ಬಿಡಿ, ತಾನೇ ಸಡಿಲಾಗುತ್ತದೆ. ಪಾತ್ರೆಯನ್ನು ನೀರಲ್ಲಿ ಮುಳುಗಿಸಬೇಡಿ, ತಳದಲ್ಲಿರುವ ಬುಷ್ ಮತ್ತು ಸೀಲಿಗೆ ನೀರು ಇಳಿದರೆ ಸೋರಲು ಶುರುವಾಗುತ್ತದೆ. ಮುಂದಿನ ಸಲ ಬ್ಲೇಡ್ ಕೂಡಿಸುವ ಮೊದಲು ಶಾಫ್ಟಿಗೆ ಒಂದು ಹನಿ ಅಡುಗೆ ಎಣ್ಣೆ ಹಚ್ಚಿ. ಹೊಲಿಗೆ ಮಷೀನಿನ ಎಣ್ಣೆ ಅಲ್ಲ ಮತ್ತೆ. ಹಾಗೆ ಹಚ್ಚಿದವರೂ ಇದ್ದಾರೆ.