ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದಿದೆ, ಇನ್ಶೂರೆನ್ಸ್ ಕ್ಲೇಮ್ ಹಾಕಲೋ ಬೇಡವೋ?

ಕಾರಟಗಿ ಲೆಕ್ಕದಕ್ಕ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತರೊಳಗೆ ವರ್ಕ್‌ಶಾಪಿನವರಿಗೆ ಹೂಂ ಅಥವಾ ಬ್ಯಾಡ ಅಂತ ಹೇಳಬೇಕು. ತಿಳಿದವರು ಇವತ್ತು ರಾತ್ರಿಯೇ ಎರಡು ಮಾತು ಬರೆದರೆ ದೊಡ್ಡ ಉಪಕಾರ.

ನಾನು ಕಾರಟಗಿಯ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು. ನಮ್ಮದು 2019ರ ಡೀಸೆಲ್ ಕಾರು, 1500 ಸಿಸಿ ಒಳಗಿನದು. ಸಾಲ ಹೋದ ವರ್ಷವಷ್ಟೇ ತೀರಿತು. ತಿಂಗಳಿಗೆ ಎರಡು ಸಲ ಅವ್ವನನ್ನು ಬಳ್ಳಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದರಲ್ಲೇ. ತಗೊಂಡಾಗಿನಿಂದ ಒಂದು ಕ್ಲೇಮೂ ಮಾಡಿಲ್ಲ, ಅದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, 50% ಇದೆ. ಪಾಲಿಸಿ ಮುಂದಿನ ತಿಂಗಳು 18ಕ್ಕೆ ಮುಗಿಯುತ್ತೆ. ಓನ್ ಡ್ಯಾಮೇಜ್ ಪ್ರೀಮಿಯಂ (ನಮ್ಮ ಗಾಡಿಗೇ ಆಗುವ ಹಾನಿಗೆ ಕಟ್ಟುವುದು) ಬೋನಸ್ ಕಳೆಯುವ ಮುಂಚೆ ₹9,600. ಐದು ವರ್ಷ ಆದ ಮೇಲೆ ಝೀರೋ ಡೆಪ್ (ಸವಕಳಿ ಕಡಿಯದೆ ಕೊಡುವ ಹೆಚ್ಚುವರಿ ಕವರ್) ಕೈಬಿಟ್ಟಿದ್ದೆ. ಎಂಜಿನ್ ಹಾನಿಗೆ ಅಂತಲೇ ಇರುವ ಹೆಚ್ಚುವರಿ ಕವರ್, ಎಂಜಿನ್ ಪ್ರೊಟೆಕ್ಟ್, ಅದೂ ಇಲ್ಲ.

ಭಾನುವಾರ ಸಿಂಧನೂರಿನಲ್ಲಿ ಮದುವೆ ಇತ್ತು. ವಾಪಸ್ ಬರುವಾಗ ನಮ್ಮಕ್ಕನ ಮಗ ಓಡಿಸುತ್ತಿದ್ದ. ಲೈಸೆನ್ಸ್ ಇದೆ, ಕೈ ಚೆನ್ನಾಗಿದೆ, ಆದರೆ ಅವರ ಮನೆಯಲ್ಲಿರುವುದು ಪೆಟ್ರೋಲ್ ಗಾಡಿ. ಬಂಕಿನಲ್ಲಿ ಗ್ಲಾಸ್ ಇಳಿಸಿ "ಎರಡು ಸಾವಿರದ್ದು ಹಾಕ್ರಿ" ಅಂದ. ಯಾವುದು ಅಂತ ಇವನು ಹೇಳಲಿಲ್ಲ, ಹಾಕುವ ಹುಡುಗನೂ ಕೇಳಲಿಲ್ಲ. ಮುಚ್ಚಳದ ಒಳಮೈಗೆ ಡೀಸೆಲ್ ಅಂತ ಸ್ಟಿಕರ್ ಇದೆ, ಈಗಲೂ ಕಾಣುತ್ತೆ. ನಾನು ಹಿಂದಿನ ಸೀಟಿನಲ್ಲಿ ಅವ್ವನ ಕಾಲು ಒತ್ತುತ್ತಾ ಕೂತಿದ್ದೆ, ನೋಡಲಿಲ್ಲ.

ನಾಲ್ಕೈದು ಕಿಲೋಮೀಟರ್ ಆಗುವುದರಲ್ಲಿ ಎಂಜಿನ್ ಕಟಕಟ ಅನ್ನೋಕೆ ಶುರುವಾಯಿತು. ಎಕ್ಸಲರೇಟರ್ ಒತ್ತಿದರೂ ಎಳೆಯಲಿಲ್ಲ. ಕಾಲುವೆ ಸೇತುವೆ ದಾಟಿ, ರಸ್ತೆ ಮೇಲೆ ಭತ್ತ ಒಣ ಹಾಕಿದ್ದರಲ್ಲ, ಆ ರಾಶಿಯ ಹತ್ತಿರ ನಿಂತೇ ಹೋಯಿತು. ಹುಡುಗ ಮೂರು ನಾಲ್ಕು ಸಲ ಸೆಲ್ಫ್ ಹೊಡೆದ. ಆಗ ನನಗೆ ಬಿಲ್ಲು ನೋಡಬೇಕು ಅನ್ನಿಸಿತು. ಮೊಬೈಲ್ ಬೆಳಕಿನಲ್ಲಿ ನೋಡಿದರೆ ಎಂಎಸ್, 19 ಲೀಟರ್ ಚಿಲ್ಲರೆ. ಎಂಎಸ್ ಅಂದರೆ ಪೆಟ್ರೋಲ್, ಡೀಸೆಲ್‌ಗೆ ಎಚ್‌ಎಸ್‌ಡಿ ಅಂತ ಇರುತ್ತೆ. ಮಿಲ್ಲಿನ ಲಾರಿ ಬಿಲ್ಲು ದಿನಾ ನೋಡುವವಳು ನಾನು. ಅಲ್ಲೇ ಗಾಡಿ ಆಫ್ ಮಾಡಿಸಿ, ಕೀ ತೆಗೆದುಕೊಂಡು, ಟೋಯಿಂಗ್ ಗಾಡಿ ಕರೆಸಿದೆ. ಟ್ಯಾಂಕಿನಲ್ಲಿ ಮೊದಲೇ ಹತ್ತು ಲೀಟರಷ್ಟು ಡೀಸೆಲ್ ಇತ್ತು.

ಈಗ ಗಾಡಿ ಗಂಗಾವತಿಯಲ್ಲಿದೆ. ಎರಡು ಎಸ್ಟಿಮೇಟ್ ಕೊಟ್ಟಿದ್ದಾರೆ. ಟ್ಯಾಂಕ್ ಇಳಿಸಿ ತೊಳೆದು, ಲೈನ್ ಕ್ಲೀನ್ ಮಾಡಿ, ಫಿಲ್ಟರ್ ಬದಲಿಸಿದರೆ ₹11,000 ಆಸುಪಾಸು. ಡೀಸೆಲನ್ನು ಒತ್ತಡದಲ್ಲಿ ತಳ್ಳುವ ಹೈ ಪ್ರೆಶರ್ ಪಂಪು, ಅದನ್ನು ಎಂಜಿನ್ನಿನೊಳಗೆ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಹೊಸವು ಹಾಕಿದರೆ ₹96,000, ಅದರಲ್ಲಿ ಸಾಮಾನು 82,000, ಕೂಲಿ 14,000. ಸೂಪರ್‌ವೈಸರ್ ಹೇಳುವುದು, "ಕ್ಲೇಮ್ ಹಾಕ್ರಿ ಮೇಡಂ, ಎಲ್ಲಾ ಹೊಸದು ಹಾಕಿಬಿಡೋಣ." ನಮ್ಮ ಯಜಮಾನರಿಗೂ ಅದೇ ಸರಿ ಅನ್ನಿಸಿದೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅಕ್ಕನ ಮಗ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ, ತನ್ನ ಸಂಬಳದಲ್ಲಿ ಕೊಡುತ್ತೇನೆ ಅಂತ ಕೂತಿದ್ದಾನೆ. ಅವನ ಕೈಯಿಂದ ಇಸಕೊಳ್ಳುವ ಮನಸ್ಸು ನನಗಿಲ್ಲ. ಏನು ಮಾಡಲಿ?

ಕುಷ್ಟಗಿ ಹುಡುಗ:

ಅಕ್ಕಾರ, ಪೆಟ್ರೋಲ್ ಅಂತ ಹೇಳಾಕ ಹೋಗಬ್ಯಾಡ್ರಿ. ಬಂಕಿನ ಡೀಸೆಲ್‌ನ್ಯಾಗ ನೀರು ಇತ್ತು ಅಂತ ಬರಸ್ರಿ. ನಮ್ಮ ಮಾವ ಹಂಗ ಮಾಡಿದ್ರು, ರೊಕ್ಕ ಬಂತು.

ರಾಯಚೂರು ವಿಮೆ:

ಮೇಲಿನ ತಮ್ಮನಿಗೆ ಮೊದಲು ಹೇಳುತ್ತೇನೆ. ಹಾಗೆ ಬರೆಸಬೇಡಿ, ಯಾರಿಗೂ ಹೇಳಿಕೊಡಬೇಡಿ. ಟ್ಯಾಂಕಿನಿಂದ ಒಂದು ಬಾಟಲಿ ತೆಗೆದು ಮೂಗಿಗೆ ಹಿಡಿದರೆ ಹಾನಿ ನೋಡಲು ಕಂಪನಿ ಕಳಿಸುವ ಸರ್ವೇಯರ್‌ಗೆ ಗೊತ್ತಾಗುತ್ತದೆ. ಸುಳ್ಳು ಹೇಳಿಕೆ ಅಂತ ಬರೆದರೆ ಆ ಕ್ಲೇಮ್ ಹೋಗುತ್ತದೆ. ನಾಳೆ ನಿಜವಾದ ಅಪಘಾತ ಆದಾಗ ನಿಮ್ಮ ಮಾತನ್ನು ನಂಬುವವರು ಇರುವುದಿಲ್ಲ. ಅದೂ ಅಲ್ಲದೆ ಈ ತಾಯಿಯ ಕೈಯಲ್ಲಿ ಎಂಎಸ್ ಅಂತ ಅಚ್ಚಾದ ಬಿಲ್ಲೇ ಇದೆ.

ಈಗ ನಿಮ್ಮ ವಿಷಯ, ತಂಗಿ. ನಾನು 14 ವರ್ಷದಿಂದ ಏಜೆಂಟ್. ನಮ್ಮಲ್ಲಿ ಮಾಮೂಲಿ ಕಾರು ಪಾಲಿಸಿ ಬೆಂಕಿ, ಕಳವು, ನೆರೆ, ಗಲಭೆ, ಹೊರಗಿನ ಕಾರಣದಿಂದಾದ ಅಪಘಾತ ಇಂಥವಕ್ಕೆ. ಯಾಂತ್ರಿಕ ಕೆಡುಕು ಮತ್ತು ಒಂದು ನಷ್ಟದ ಹಿಂದೆ ಬರುವ ಇನ್ನೊಂದು ನಷ್ಟ, ಇವೆರಡನ್ನೂ ಕೊಡುವುದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ತಪ್ಪು ಇಂಧನ ಬಿದ್ದದ್ದು ಅಪಘಾತವೋ ಯಾಂತ್ರಿಕ ಕೆಡುಕೋ ಅಂತಲೇ ಜಗಳ ಶುರುವಾಗುತ್ತದೆ. ಸೂಪರ್‌ವೈಸರ್ ಹೇಳಿದಷ್ಟು ಸಲೀಸಲ್ಲ ಅದು. ಎಂಜಿನ್ ಪ್ರೊಟೆಕ್ಟ್ ಇದ್ದರೂ ಅದರ ಒಕ್ಕಣೆ ಬಹಳಷ್ಟು ಕಡೆ ನೀರು ಹೊಕ್ಕಿದ್ದಕ್ಕೆ, ಆಯಿಲ್ ಸೋರಿದ್ದಕ್ಕೆ ಮಾತ್ರ ಇರುತ್ತದೆ.

ಇರಲಿ, ಕಂಪನಿ ಒಪ್ಪಿತು ಅಂತಲೇ ಇಟ್ಟುಕೊಳ್ಳಿ. ನೀವು ಲೆಕ್ಕದವರು, ಲೆಕ್ಕ ನೋಡಿ. ಗಾಡಿಗೆ ಐದು ವರ್ಷ ದಾಟಿದೆ, ಹತ್ತರೊಳಗಿದೆ. ಲೋಹದ ಸಾಮಾನಿಗೆ 40% ಸವಕಳಿ ಕಡಿಯುತ್ತಾರೆ. 82,000ಕ್ಕೆ 32,800 ಹೋಯಿತು. ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಕಡ್ಡಾಯ ಕಡಿತ 1500 ಸಿಸಿವರೆಗೆ ₹1,000. ಅಲ್ಲಿಗೆ 96,000ದ ಬಿಲ್ಲಿನಲ್ಲಿ 33,800 ನಿಮ್ಮದೇ.

ಇನ್ನು ಬೋನಸ್. ದುಡ್ಡು ಪಡೆದ ಕ್ಲೇಮ್ ಒಂದಾದರೂ 50% ಸೊನ್ನೆಗೆ ಇಳಿಯುತ್ತದೆ. ಆಮೇಲೆ ಕ್ಲೇಮ್ ಇಲ್ಲದ ಒಂದೊಂದು ವರ್ಷಕ್ಕೆ 20, 25, 35, 45, 50 ಅಂತ ಹತ್ತಬೇಕು. ಅಂದರೆ ಮೊದಲ ವರ್ಷ 50%, ಆಮೇಲೆ 30, 25, 15, 5 ಹೆಚ್ಚಿಗೆ ಕಟ್ಟುತ್ತೀರಿ. ಕೂಡಿದರೆ 125%. ನಿಮ್ಮ 9,600ಕ್ಕೆ ಅದು 12,000, ಮೇಲೆ 18% ಜಿಎಸ್‌ಟಿ ಸೇರಿ 14,160. ಗಾಡಿ ಬೆಲೆ ಇಳಿದಂತೆ ಪ್ರೀಮಿಯಂ ಸ್ವಲ್ಪ ಇಳಿದೀತು, ಆದರೂ ಲೆಕ್ಕದ ದಾರಿ ಇದೇ. 11,000ದ ಕೆಲಸಕ್ಕೆ ಕ್ಲೇಮ್ ಹಾಕಿದರೆ ಫಿಲ್ಟರ್, ಆಯಿಲ್ ಅಂಥದ್ದನ್ನು ಬಿಟ್ಟು ಬರುವುದು ಏಳೆಂಟು ಸಾವಿರ, ಕಳೆದುಕೊಳ್ಳುವುದು ಹದಿನಾಲ್ಕು. ಈ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ನಾಳೆ ಈ ಗಾಡಿ ಮಾರಿ ಹೊಸದು ತಗೊಂಡರೂ ಜೊತೆಗೆ ಬರುತ್ತದೆ. ಹೊಸ ಗಾಡಿಯ ಪ್ರೀಮಿಯಂ ಮೇಲೆ 50% ಅಂದರೆ ಎಷ್ಟಾಯಿತು ನೋಡಿ.

ಆದರೆ ಒಂದು ಮಾತು. ಪಂಪು ಇಂಜೆಕ್ಟರ್ ಹೋಗಿದ್ದರೆ ಕ್ಲೇಮ್ ಬೇಕಾಗಬಹುದು. ಹಾಗಾಗಿ ಬಿಚ್ಚುವ ಮೊದಲೇ ಕಂಪನಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ತಿಳಿಸಿ. ತಿಳಿಸಿದ ಮಾತ್ರಕ್ಕೆ ಬೋನಸ್ ಹೋಗುವುದಿಲ್ಲ. ಬೇಡ ಅನ್ನಿಸಿದರೆ ಕ್ಲೇಮ್ ವಾಪಸ್ ಅಂತ ಬರವಣಿಗೆಯಲ್ಲಿ ಕೊಡಿ, ಅದರ ಉತ್ತರ ಇಟ್ಟುಕೊಳ್ಳಿ. ಬಿಚ್ಚಿದ ಮೇಲೆ ಹೇಳಿದರೆ ಸರ್ವೇಯರ್ ಏನನ್ನು ನೋಡಬೇಕು?

ಬಳ್ಳಾರಿ ಪಂಪ್ ಮೇಸ್ತ್ರಿ:

ಅಕ್ಕಾ, ನಾನು ಡೀಸೆಲ್ ಪಂಪು, ಇಂಜೆಕ್ಟರ್ ರಿಪೇರಿ ಮಾಡಾಂವ. ಕೀ ತೆಗದು ಇಟ್ಕೊಂಡ್ರಲ್ಲ, ಭಾಳ ಛಲೋ ಆತು. ಅರ್ಧ ಮಂದಿ ಅಲ್ಲೇ ನಿಂತು ಬ್ಯಾಟರಿ ಸಾಯೋತನಕ ಸೆಲ್ಫ್ ಹೊಡೀತಾರ.

ಯಾಕ ಕೆಡತದ ಅಂದ್ರ, ಡೀಸೆಲ್ ಬರೇ ಉರಿಯೋ ಎಣ್ಣಿ ಅಲ್ಲ, ಆ ಪಂಪಿಗೆ ಅದೇ ಗ್ರೀಸ್ ಇದ್ದಂಗ. ನಿಮ್ಮ ಟೈರಿನ ಗಾಳಿ 2 ಬಾರ್ ಚಿಲ್ರೆ. ಕಾಮನ್ ರೇಲ್ ಅಂದ್ರ ಇಂಜೆಕ್ಟರ್‌ಗೆ ಎಣ್ಣಿ ಹಂಚೋ ಪೈಪು, ಅದರೊಳಗ ಎಣ್ಣಿ ಸಾವಿರ ಬಾರ್ ಮ್ಯಾಲೆ ಇರತದ. ಅಲ್ಲಿ ಪೆಟ್ರೋಲ್ ಹೋದ್ರ ಜಿಡ್ಡು ತೊಳದು ಹೊಕ್ಕತಿ, ಉಕ್ಕಿಗೆ ಉಕ್ಕು ತಿಕ್ಕತದ. ಆ ಪುಡಿ ಮುಂದ ಹೋಗಿ ಇಂಜೆಕ್ಟರ್‌ನ್ಯಾಗ ಕೂಡತದ. ಪೆಟ್ರೋಲ್ ಗನ್ನಿನ ಮೂತಿ ಸಣ್ಣದು, ಡೀಸೆಲ್ ಗಾಡಿ ಬಾಯಾಗ ಸಲೀಸಾಗಿ ಇಳೀತದ, ಹಂಗಾಗಿ ಈ ತಪ್ಪು ಆಗೋದು ಭಾಳ.

ಎಲ್ಲಾ ಹೊಸದು ಹಾಕೋಣ ಅಂದ್ರ ಒಪ್ಪಬ್ಯಾಡ್ರಿ. ನಿಮ್ಮ ಎದುರಿಗೆ ಫಿಲ್ಟರ್ ತಗಸ್ರಿ. ಅದ್ರಾಗಿಂದು ಒಂದು ಬಿಳಿ ತಾಟಿಗೆ ಸುರುವಿ ಬಿಸಿಲಿಗೆ ಹಿಡದು ನೋಡ್ರಿ. ಬೆಳ್ಳಿ ಜರಿ ಪುಡಿಯಂಗ ಮಿಂಚಿದ್ರ ಪಂಪು ತಿಂದದ ಅಂತ ಅರ್ಥ. ರೇಲಿಗೆ ಹೋಗೋ ಕಡೆನೂ ಬಿಚ್ಚಿಸಿ ಹಂಗ ನೋಡ್ರಿ. ಏನೂ ಮಿಂಚಲಿಲ್ಲಂದ್ರ ಟ್ಯಾಂಕ್ ತೊಳದು, ಹೊಸ ಫಿಲ್ಟರ್, ಹೊಸ ಡೀಸೆಲ್ ಹಾಕಿ ಚಾಲೂ ಮಾಡಸ್ರಿ. ಆಮ್ಯಾಲೆ ರಿಟರ್ನ್ ಟೆಸ್ಟ್ ಕೇಳ್ರಿ. ನಾಲ್ಕೂ ಇಂಜೆಕ್ಟರ್ ರಿಟರ್ನ್ ಪೈಪು ನಾಲ್ಕು ಬಾಟ್ಲಿಗೆ ಬಿಡತಾರ, ಒಂದ್ರಾಗ ಜಾಸ್ತಿ ತುಂಬಿದ್ರ ಅದೊಂದೇ ಕೆಟ್ಟದ. ಒಂದಕ್ಕ ನಾಲ್ಕು ಯಾಕ ಹಾಕಸ್ತೀರಿ?

ಕೊಪ್ಪಳದ ವಕೀಲ:

ಬಂಕಿನ ಪಾಲನ್ನು ಯಾರೂ ಹೇಳಲಿಲ್ಲ. ಮುಚ್ಚಳದ ಮೇಲೆ ಡೀಸೆಲ್ ಅಂತ ಇದ್ದರೂ ನೋಡದೆ, ಕೇಳದೆ ಹಾಕಿದ್ದಾರೆ. ನಿಮ್ಮ ಹುಡುಗ ಹೇಳಲಿಲ್ಲ ಅನ್ನುವುದೂ ನಿಜ, ಪೂರ್ತಿ ಅವರದೇ ತಪ್ಪು ಅನ್ನಲಾಗದು. ಬೆಳಿಗ್ಗೆ ಮೊದಲ ಕೆಲಸವಾಗಿ ಬಂಕಿಗೆ ಹೋಗಿ, ಆ ಹೊತ್ತಿನ ಸಿಸಿಟಿವಿ ತುಣುಕು ಉಳಿಸಿಡಿ ಅಂತ ಬರೆದು ಕೊಡಿ. ಹಳೆಯದರ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ದೂರು ಪುಸ್ತಕ ಕೇಳಿ, ಅದರಲ್ಲೂ ಬರೆಯಿರಿ. ಬಿಲ್ಲು ಥರ್ಮಲ್ ಕಾಗದದ್ದು, ಬರಬರುತ್ತಾ ಅಕ್ಷರ ಮಾಸುತ್ತದೆ, ಫೋಟೋ ತೆಗೆದಿಡಿ.

ಮಾತಿಗೆ ಬರಲಿಲ್ಲ ಅಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಸರಕಿಗೆ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೊದಲು 1915ಕ್ಕೆ ಫೋನ್ ಮಾಡಿದರೂ ದೂರು ದಾಖಲಾಗುತ್ತದೆ.

ಇದನ್ನು ಮಾತ್ರ ಮರೆಯಬೇಡಿ. ಬಂಕಿನವರು ಸ್ವಲ್ಪ ದುಡ್ಡು ಕೊಟ್ಟು "ಇನ್ನು ಯಾವ ತಕರಾರೂ ಇಲ್ಲ" ಅಂತ ಬರೆಸಿಕೊಳ್ಳಲು ನೋಡುತ್ತಾರೆ. ಪಂಪು, ಇಂಜೆಕ್ಟರ್ ಸ್ಥಿತಿ ಗೊತ್ತಾಗುವ ಮುಂಚೆ ಅದಕ್ಕೆ ಸಹಿ ಹಾಕಬೇಡಿ. ನಿಮಗೆ ಕೊಟ್ಟ ಹಣವನ್ನು ಬಂಕಿನಿಂದ ವಸೂಲಿ ಮಾಡುವ ಹಕ್ಕು ವಿಮಾ ಕಂಪನಿಗೆ ಇರುತ್ತದೆ. ಆ ದಾರಿ ನೀವೇ ಮುಚ್ಚಿದಿರಿ ಅಂದರೆ ಕ್ಲೇಮಿಗೇ ತೊಂದರೆ.

ಕಾರಟಗಿ ಲೆಕ್ಕದಕ್ಕ:

ಎಲ್ಲರಿಗೂ ಕೈಮುಗಿದೆ. ನಾಲ್ಕು ದಿನ ಬರೆಯಲಾಗಲಿಲ್ಲ, ಕ್ಷಮಿಸಿ.

ಮರುದಿನ ಏಳಕ್ಕೇ ಬಂಕಿಗೆ ಹೋದೆ, ಅಕ್ಕನ ಮಗನನ್ನೂ ಕರೆದುಕೊಂಡು. ವಿಡಿಯೋ ಉಳಿಸಿಡಿ ಅಂತ ಬರೆದ ಚೀಟಿಗೆ ಮ್ಯಾನೇಜರ್ ಸಹಿ ಹಾಕಿ ಕೊಟ್ಟರು. ವಿಡಿಯೋ ನಮಗೂ ತೋರಿಸಿದರು. ಬಂಕಿನ ಹುಡುಗ ಮುಚ್ಚಳ ತೆಗೆಯುತ್ತಾನೆ, ಸ್ಟಿಕರ್ ಅವನ ಮುಖದ ನೇರಕ್ಕೇ ಇದೆ, ಆದರೆ ಅವನ ಕಣ್ಣು ಹಿಂದೆ ಹಾರ್ನ್ ಹೊಡೆಯುತ್ತಿರುವ ಟ್ರ್ಯಾಕ್ಟರ್ ಕಡೆಗಿದೆ. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಅವನ ಸಂಬಳದಲ್ಲಿ ಮುರಿಯಬೇಡಿ ಅಂತ ನಾನೇ ಹೇಳಿದೆ. ಓನರ್ ಬಂದ ಮೇಲೆ ಮಾತಾಡೋಣ ಅಂದರು. ನಾನು ಸಹಿ ಎಲ್ಲೂ ಹಾಕಲಿಲ್ಲ.

ಒಂಬತ್ತಕ್ಕೆ ವಿಮೆ ಕಂಪನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕ್ಲೇಮ್ ನಂಬರ್ ಕೊಟ್ಟರು, ಅವರ ಸರ್ವೇಯರ್ ಮಧ್ಯಾಹ್ನ ಬಂದು ನೋಡಿಕೊಂಡು ಹೋದರು. ಅವರೆದುರೇ ಫಿಲ್ಟರ್ ತೆಗೆಸಿದ್ದು. ಮಿಲ್ಲಿನಲ್ಲಿ ಅಕ್ಕಿ ಸ್ಯಾಂಪಲ್ ನೋಡುವ ಬಿಳಿ ತಾಟೇ ಒಯ್ದಿದ್ದೆ. ಮೇಸ್ತ್ರಿ ಅಣ್ಣ ಹೇಳಿದ ಹಾಗೆ ಸುರುವಿ, ಬಿಸಿಲಿಗೆ ಹಿಡಿದು, ಈ ಕಡೆ ಆ ಕಡೆ ಓರೆ ಮಾಡಿ ನೋಡಿದೆವು. ತೆಳು ಹಳದಿ ಎಣ್ಣೆ, ತಳದಲ್ಲಿ ಎರಡು ಕಪ್ಪು ಚುಕ್ಕೆ, ಬೆರಳಲ್ಲಿ ಒತ್ತಿದರೆ ಮಣ್ಣು. ಮಿಂಚುವುದು ಏನೂ ಇಲ್ಲ. ರೇಲ್ ಕಡೆಯದ್ದೂ ಹಾಗೇ. ಸೂಪರ್‌ವೈಸರ್ ಮತ್ತೆ ಹೊಸ ಪಂಪಿನ ಮಾತು ಎತ್ತಲಿಲ್ಲ.

ತೊಳೆದು, ಹೊಸ ಫಿಲ್ಟರ್, ಹದಿನೈದು ಲೀಟರ್ ಹೊಸ ಡೀಸೆಲ್ ಹಾಕಿ ಸ್ಟಾರ್ಟ್ ಮಾಡಿದರು. ಮೊದಲು ಸ್ವಲ್ಪ ಬಿಳಿ ಹೊಗೆ ಬಂತು, ಆಮೇಲೆ ಮೊದಲಿನ ಸದ್ದು. ರಿಟರ್ನ್ ಟೆಸ್ಟ್‌ನಲ್ಲಿ ನಾಲ್ಕೂ ಬಾಟಲಿ ಹೆಚ್ಚುಕಡಿಮೆ ಒಂದೇ ಮಟ್ಟ. ಡೀಸೆಲ್ ಬಿಟ್ಟು ಬಿಲ್ಲು ₹11,460. ಬಂಕಿನ ಓನರ್ ₹6,000 ಕೊಟ್ಟರು, ಬಿಲ್ಲಿನ ನಕಲು ಇಟ್ಟುಕೊಂಡರು. ಕ್ಲೇಮ್ ವಾಪಸ್ ಅಂತ ಮೇಲ್ ಕಳಿಸಿದ್ದೆ, ಮುಚ್ಚಿದ್ದೇವೆ ಅಂತ ಉತ್ತರ ಬಂದಿದೆ. ರಿನ್ಯೂವಲ್ ಕೊಟೇಶನ್ ತರಿಸಿದೆ, ಬೋನಸ್ 50% ಹಾಗೇ ಇದೆ. ನಿನ್ನೆ ಅವ್ವನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ಬಂದೆವು, ಓಡಿಸಿದ್ದು ಅಕ್ಕನ ಮಗನೇ.

ಮೇಸ್ತ್ರಿ ಅಣ್ಣಾರಿಗೆ ಒಂದು ಪ್ರಶ್ನೆ. ಇಳಿಸಿದ ಮಿಶ್ರ ಎಣ್ಣೆ ಎರಡು ಕ್ಯಾನಿನಲ್ಲಿ ಕೊಟ್ಟಿದ್ದಾರೆ. ಹಿತ್ತಲಲ್ಲಿ ಇಟ್ಟಿದ್ದೇನೆ. ಮಾವನವರು ಟ್ರ್ಯಾಕ್ಟರ್‌ಗೆ ಸ್ವಲ್ಪ ಸ್ವಲ್ಪ ಬೆರೆಸಿ ಹಾಕೋಣ ಅಂತಿದ್ದಾರೆ.

ಬಳ್ಳಾರಿ ಪಂಪ್ ಮೇಸ್ತ್ರಿ:

ಬ್ಯಾಡ್ರಿ ಅಕ್ಕಾ, ಟ್ರ್ಯಾಕ್ಟರ್ ಪಂಪಿಗೂ ಅದೇ ಗತಿ ಆಗತದ. ಒಲಿ ಹಚ್ಚಾಕೂ ಬ್ಯಾಡ, ಪೆಟ್ರೋಲ್ ಕೂಡಿದ ಡೀಸೆಲ್ ಡೀಸೆಲ್‌ನಂಗ ಸಾವಕಾಶ ಹತ್ತಂಗಿಲ್ಲ, ಭಗ್ಗಂತದ. ಹೊಲಕ್ಕ, ಗಟಾರಕ್ಕ ಸುರುವಬ್ಯಾಡ್ರಿ. ಇವತ್ತ ಆ ಕ್ಯಾನ್ ವರ್ಕ್‌ಶಾಪಿಗೆ ವಾಪಸ್ ಒಯ್ದು ಕೊಡ್ರಿ, ಹಳೇ ಆಯಿಲ್ ಒಯ್ಯೋರು ಬರತಾರ, ಅವರ ಕೈಗೆ ಹೋಗಲಿ. ಅಲ್ಲಿತನಕ ನೆರಳಿನ್ಯಾಗ ಇಡ್ರಿ, ಮುಚ್ಚಳ ಬಿಗಿ ಇರಲಿ, ಹುಡುಗ್ರು ಅತ್ತಾಗ ಹೋಗದಂಗ ನೋಡ್ಕೋರಿ.