ಕಂಪನಿ ತಪಾಸಣೆಯಲ್ಲಿ ಶುಗರ್ ಬಂದರೆ ಪ್ರೀಮಿಯಂ ಏರುತ್ತಾ?

ಸಿದ್ದಾಪುರದಿಂದ ಪ್ರಶ್ನೆ: ನಮ್ಮವರು ಒಂದು ಕಾಫಿ ಎಸ್ಟೇಟ್ ಕಂಪನಿಯ ಆಫೀಸಿನಲ್ಲಿದ್ದಾರೆ. ಮುಂದಿನ ವಾರ ಎಲ್ಲರಿಗೂ ಬಿಪಿ, ಶುಗರ್ ತಪಾಸಣೆ ಇದೆ. ಅತ್ತೆ, ಮಾವ ಇಬ್ಬರಿಗೂ ಶುಗರ್. ರಿಪೋರ್ಟ್ ಕೆಟ್ಟದಾಗಿ ಬಂದರೆ ಇನ್ಶೂರೆನ್ಸ್ ದುಬಾರಿಯಾಗುತ್ತೆ ಅಂತ ಇವರು ಹೋಗೋಕೆ ಒಪ್ಪುತ್ತಿಲ್ಲ. ಅನುಭವ ಇದ್ದವರು ಹೇಳಿ.

ಕುಶಾಲನಗರದಿಂದ: ದಯವಿಟ್ಟು ಕಳಿಸಿ. ನಾನು ಇಲ್ಲಿ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಸಿಬ್ಬಂದಿಯ ವಿಮೆ ಕಾಗದಪತ್ರ ನೋಡಿಕೊಳ್ಳುತ್ತೇನೆ. ಕಂಪನಿ ಎಲ್ಲರಿಗೂ ಸೇರಿಸಿ ಮಾಡಿಸುವ ಗ್ರೂಪ್ ಪಾಲಿಸಿಯಲ್ಲಿ ಒಬ್ಬೊಬ್ಬರ ರಿಪೋರ್ಟ್ ನೋಡಿ ದರ ಹಾಕುವುದಿಲ್ಲ. ರಿನ್ಯೂವಲ್ ಹೊತ್ತಿಗೆ ಮುಖ್ಯವಾಗಿ ನೋಡುವುದು ಇಡೀ ಗುಂಪಿನ ವಯಸ್ಸು, ಹಿಂದಿನ ಕ್ಲೇಮು. ಕಟ್ಟಿದ 100 ರೂಪಾಯಿಗೆ 120 ರೂಪಾಯಿ ಕ್ಲೇಮ್ ಆಗಿದ್ದರೆ ದರ ಏರುತ್ತೆ. ಸಣ್ಣ ಕಂಪನಿಯಲ್ಲಿ ಒಂದು ಬೈಪಾಸ್, ಒಂದು ಡಯಾಲಿಸಿಸ್ ಬಂದರೆ ಸಾಕು, ಲೆಕ್ಕವೇ ತಲೆಕೆಳಗು. ಹಾಗಂತ ತಪಾಸಣೆ ಮಾಡಿಸಿದ ವರ್ಷವೇ ಪ್ರೀಮಿಯಂ ಇಳಿದದ್ದನ್ನೂ ನಾನು ನೋಡಿಲ್ಲ. ಅಂಥ ಮಾತು ಯಾರಾದರೂ ಹೇಳಿದರೆ ನಂಬಬೇಡಿ.

ಗೋಣಿಕೊಪ್ಪದಿಂದ: ಈ ಭಯ ಅಮೆರಿಕದ ಸುದ್ದಿಯಿಂದ ಬಂದಿರಬೇಕು. ಅಲ್ಲಿ ಕಂಪನಿಯ ಆರೋಗ್ಯ ಕಾರ್ಯಕ್ರಮಗಳಲ್ಲಿ ಗುರಿ ಮುಟ್ಟಿದವರಿಗೂ ಮುಟ್ಟದವರಿಗೂ ವಿಮೆ ವೆಚ್ಚದ ಶೇ. 30ರವರೆಗೆ ವ್ಯತ್ಯಾಸ ಮಾಡಲು ಕಾನೂನಿನಲ್ಲೇ ಅವಕಾಶ ಇದೆ. ಮಗಳು ಅಲ್ಲಿದ್ದಾಳೆ, ಹಾಗಾಗಿ ಗೊತ್ತು.

ಸುಂಟಿಕೊಪ್ಪದಿಂದ: ನಾನು ನರ್ಸ್. ಎಸ್ಟೇಟ್ ಕ್ಯಾಂಪುಗಳಲ್ಲಿ ಪ್ರತಿ ಸಲ ನೋಡುವುದು ಇದನ್ನೇ: ಬೆಳಿಗ್ಗೆ ಎದ್ದಕೂಡಲೇ ಒಂದು ಲೋಟ ಬೆಲ್ಲದ ಕಾಫಿ ಕುಡಿದು, 'ಇನ್ನೂ ತಿಂಡಿ ತಿಂದಿಲ್ಲ ಸಿಸ್ಟರ್' ಅಂತ ಕೈ ಚಾಚುತ್ತಾರೆ. ಅದು ಫಾಸ್ಟಿಂಗ್ ಅಲ್ಲ ಮಾರಾಯ್ರೆ. 8 ಗಂಟೆ ಬರೀ ನೀರು. ಏರು ಹತ್ತಿ ಬಂದವರು ಬಿಪಿಗೆ ಮುಂಚೆ 5 ನಿಮಿಷ ಸುಮ್ನೆ ಕೂರಲಿ. ಫಾಸ್ಟಿಂಗ್ 126, ಇಲ್ಲವೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.5 ಮುಟ್ಟಿದರೂ ಒಂದೇ ರಿಪೋರ್ಟಿಗೆ ಕಂಗಾಲಾಗಬೇಡಿ. ಇನ್ನೊಮ್ಮೆ ಪರೀಕ್ಷಿಸಿಯೇ ಡಾಕ್ಟರು ಖಚಿತ ಮಾಡುವುದು.

ವಿರಾಜಪೇಟೆಯಿಂದ: ರಿಪೋರ್ಟ್ ಲೆಕ್ಕಕ್ಕೆ ಬರುವುದು ಸ್ವಂತ ಪಾಲಿಸಿ ಮಾಡಿಸುವಾಗ. ಶುಗರ್ ಇದೆ ಅಂತ ಗೊತ್ತಿದ್ದರೆ ಫಾರಂನಲ್ಲಿ ಬರೆಯಲೇಬೇಕು. ಪ್ರೀಮಿಯಂ ಸ್ವಲ್ಪ ಜಾಸ್ತಿ ಹಾಕಬಹುದು, ಆದರೂ ಮುಚ್ಚಿಡಬೇಡಿ. ಮೈಸೂರಿಗೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿದ ಮೇಲೆ ಕ್ಲೇಮ್ ತಿರಸ್ಕಾರವಾದರೆ ಮನೆಯವರ ಪಾಡು ಏನು? ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ, ಅಂದರೆ ಅದಕ್ಕೆ ಕ್ಲೇಮ್ ಸಿಗದ ಸಮಯ, 2024ರಿಂದ ಹೆಚ್ಚೆಂದರೆ 36 ತಿಂಗಳು. ಮುಂಚೆ 48 ಇತ್ತು. ಕೆಲಸದಲ್ಲಿರುವಾಗಲೇ ಸಣ್ಣದೊಂದು ಸ್ವಂತ ಪಾಲಿಸಿ ಶುರು ಮಾಡಿದರೆ ಆ ಅವಧಿ ಕಂಪನಿ ವಿಮೆಯ ನೆರಳಲ್ಲೇ ಕಳೆಯುತ್ತೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ.

ಮತ್ತೆ ಕುಶಾಲನಗರದಿಂದ: ಒಂದು ಬಿಟ್ಟುಹೋಗಿತ್ತು. ರಿಪೋರ್ಟ್ ಯಾರ ಕೈಗೆ ಹೋಗುತ್ತೆ ಅಂತ ಎಚ್‌ಆರ್ ಹತ್ತಿರ ಮೊದಲೇ ಕೇಳಿ. ಹೆಸರಿರುವ ರಿಪೋರ್ಟ್ ನೌಕರನಿಗೆ ಮಾತ್ರ, ಕಂಪನಿಗೆ ಒಟ್ಟು ಅಂಕಿಅಂಶ ಮಾತ್ರ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ.