ಟಿಪ್ಪರ್ ನಂಬರ್ ಬರೆದ ದಿನ: ಪರಿಸರ ವರದಿಗಾರಿಕೆ ಬಗ್ಗೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು 22 ವರ್ಷದಿಂದ ಕನ್ನಡ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬಹುಕಾಲ ಜಿಲ್ಲಾ ವರದಿಗಾರನಾಗಿದ್ದೆ, ಈಗ ಡೆಸ್ಕ್‌ನಲ್ಲಿ, ಅಂದರೆ ಬಂದ ಸುದ್ದಿ ತಿದ್ದುವ ಕೆಲಸದಲ್ಲಿ ಇದ್ದೇನೆ. ಮಳೆ, ಹೊಳೆ, ಕಾಡು, ಗಣಿ ಇವೇ ನಾನು ಹೆಚ್ಚು ಬರೆದ ವಿಷಯಗಳು. ಹವಾಮಾನ ಬದಲಾವಣೆ ಮತ್ತು ಪರಿಸರ ವರದಿಗಾರಿಕೆ ಬಗ್ಗೆ ಈ ವಾರ ಪ್ರಶ್ನೆ ಕೇಳಿ ಎಂದು ಈ ಗುಂಪಿನ ಅಡ್ಮಿನ್ ಹಾಕಿದ್ದರು. ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿನಿ, ಶಿವಮೊಗ್ಗ): ಸರ್, ಎಂ.ಎ. ಮುಗಿದ ಮೇಲೆ ಪರಿಸರದ ಬಗ್ಗೆಯೇ ಬರೆಯಬೇಕು ಅಂತ ಆಸೆ. ನಮ್ಮಪ್ಪ, ‘ಕ್ರೈಂ ಬೇಡ, ರಾಜಕೀಯ ಬೇಡ, ಪರಿಸರ ಆದ್ರೆ ಪರವಾಗಿಲ್ಲ, ಸೇಫು’ ಅಂತಾರೆ. ನಿಜಕ್ಕೂ ಸೇಫ್ ಇದೆಯಾ?

ಉತ್ತರ: ಅಪ್ಪನಿಗೆ ನಿಜ ಹೇಳಿಬಿಡಿ ಅಮ್ಮಾ. ಭೂಮಿ ಬಿಸಿಯಾಗುತ್ತಿದೆ, ಹಿಮ ಕರಗುತ್ತಿದೆ ಅಂತ ಬರೆದರೆ ಯಾರೂ ಏನೂ ಅನ್ನುವುದಿಲ್ಲ. ನಿಮ್ಮೂರ ಹೊಳೆಯಿಂದ ರಾತ್ರಿ ಎಷ್ಟು ಟಿಪ್ಪರ್ ಮರಳು ಹೋಯಿತು, ಪರ್ಮಿಟ್ ಇದ್ದದ್ದು ಎಷ್ಟಕ್ಕೆ, ಟಿಪ್ಪರ್ ಯಾರ ಹೆಸರಿನಲ್ಲಿದೆ ಅಂತ ಬರೆದ ದಿನ ಫೋನ್ ಬರುತ್ತದೆ.

ಯುನೆಸ್ಕೊ 2024ರ ಮೇ ತಿಂಗಳಲ್ಲಿ ಒಂದು ಲೆಕ್ಕ ಕೊಟ್ಟಿತು. 2009ರಿಂದ 2023ರವರೆಗೆ ಪರಿಸರದ ಸುದ್ದಿ ಮಾಡಿದ ಕಾರಣಕ್ಕೆ ದಾಳಿಗೆ ಗುರಿಯಾದ ಪತ್ರಕರ್ತರು ಮತ್ತು ಸುದ್ದಿಸಂಸ್ಥೆಗಳು ಕಡಿಮೆ ಅಂದರೂ 749. ಕೊಲೆಯಾದ ಪತ್ರಕರ್ತರು 44. ಅದರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಗಿದ್ದು 5 ಪ್ರಕರಣಗಳಲ್ಲಿ ಮಾತ್ರ.

ಅಮೆಜಾನ್ ಕಾಡಿನಲ್ಲಿ 2022ರ ಜೂನ್‌ನಲ್ಲಿ ಬ್ರಿಟಿಷ್ ಪತ್ರಕರ್ತ ಡಾಮ್ ಫಿಲಿಪ್ಸ್ ಅವರನ್ನೂ ಜೊತೆಗಿದ್ದ ಬ್ರೂನೊ ಪೆರೇರಾ ಅವರನ್ನೂ ಕೊಂದದ್ದು ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮ ದೇಶದವರ ಹೆಸರು ನಮಗೇ ಗೊತ್ತಿಲ್ಲ. ಉತ್ತರ ಪ್ರದೇಶದ ಶಹಜಹಾನ್‌ಪುರದ ಜಗೇಂದ್ರ ಸಿಂಗ್ ಫೇಸ್‌ಬುಕ್‌ನಲ್ಲಿ ಅಕ್ರಮ ಮರಳು ಗಣಿಗಾರಿಕೆ ಬಗ್ಗೆ ಬರೆಯುತ್ತಿದ್ದರು. 2015ರ ಜೂನ್‌ನಲ್ಲಿ ಪೊಲೀಸರು ಮನೆಗೆ ಬಂದಾಗ ಅವರಿಗೆ ಬೆಂಕಿ ಹತ್ತಿಕೊಂಡಿತು, ಒಂದು ವಾರದ ಮೇಲೆ ತೀರಿಕೊಂಡರು. ಬಂದವರೇ ಬೆಂಕಿ ಹಚ್ಚಿದರು ಎಂದು ಸಾಯುವ ಮುಂಚೆ ಅವರು ಹೇಳಿದ್ದರು. ಪೊಲೀಸರು ಆತ್ಮಹತ್ಯೆ ಎಂದರು. ಮಧ್ಯಪ್ರದೇಶದ ಭಿಂಡ್‌ನ ಟಿವಿ ವರದಿಗಾರ ಸಂದೀಪ್ ಶರ್ಮಾ ಬೈಕಿನಲ್ಲಿ ಹೋಗುತ್ತಿದ್ದಾಗ 2018ರ ಮಾರ್ಚ್‌ನಲ್ಲಿ ಹಿಂದಿನಿಂದ ಲಾರಿ ಹರಿಯಿತು. ಮರಳು ದಂಧೆಯವರಿಗೂ ಪೊಲೀಸರಿಗೂ ಇರುವ ನಂಟಿನ ಬಗ್ಗೆ ಅವರು ಸುದ್ದಿ ಮಾಡಿದ್ದರು. ಜೀವಕ್ಕೆ ಅಪಾಯವಿದೆ, ರಕ್ಷಣೆ ಕೊಡಿ ಅಂತ ಮೊದಲೇ ಅರ್ಜಿಯನ್ನೂ ಕೊಟ್ಟಿದ್ದರು. ಉತ್ತರ ಪ್ರದೇಶದ ಉನ್ನಾವ್‌ನ ಪತ್ರಕರ್ತ ಶುಭಂ ಮಣಿ ತ್ರಿಪಾಠಿಯನ್ನು 2020ರ ಜೂನ್‌ನಲ್ಲಿ ಗುಂಡು ಹೊಡೆದು ಕೊಂದರು. ಅವರೂ ಮರಳಿನ ಬಗ್ಗೆ ಬರೆದವರು.

ಮೂವರೂ ಸಣ್ಣ ಊರಿನವರು. ದೆಹಲಿ, ಬೆಂಗಳೂರಿನಲ್ಲಿ ಕುಳಿತು ಬರೆಯುವವರಿಗೂ ಅವರಿಗೂ ಇರುವ ವ್ಯತ್ಯಾಸ ಇದು: ಬರೆದ ಮೇಲೂ ಅದೇ ರಸ್ತೆಯಲ್ಲಿ ಮನೆಗೆ ಹೋಗಬೇಕು.

ನನ್ನ ಅನುಭವದಲ್ಲಿ ಬೆದರಿಕೆ ಜೋರು ದನಿಯಲ್ಲಿ ಬರುವುದು ಕಡಿಮೆ. ಒಂದು ಸಲ ಹೋಟೆಲ್‌ನಲ್ಲಿ ಟೀ ಕುಡಿಯುತ್ತಿದ್ದೆ. ಪರಿಚಯವಿಲ್ಲದ ಒಬ್ಬರು ಎದುರು ಬಂದು ಕುಳಿತರು. ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟರು. ‘ಸರ್, ರಾತ್ರಿ ಹೊತ್ತು ಯಾಕೆ ಬೈಕಲ್ಲಿ ಓಡಾಡ್ತೀರಾ? ಈ ರೋಡಲ್ಲಿ ಟಿಪ್ಪರ್ ಜಾಸ್ತಿ’ ಅಂದು ಎದ್ದು ಹೋದರು. ಅಷ್ಟೇ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡೋಣ ಅಂದರೆ ಏನಂತ ಬರೆಸುವುದು? ಆ ವಾರ ಪೂರ್ತಿ ನನ್ನ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

ಇಷ್ಟು ಹೇಳಿದ್ದು ನಿಮ್ಮನ್ನು ಹೆದರಿಸುವುದಕ್ಕಲ್ಲ. ಬನ್ನಿ, ಬರೆಯಿರಿ. ಆದರೆ ಗೊತ್ತಿದ್ದು ಬನ್ನಿ.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕರು, ಚಿತ್ರದುರ್ಗ): ಹೊಗೆ ಉಗುಳುವುದು ಅಮೆರಿಕ, ಚೀನಾ. ನಮ್ಮ ತಾಲ್ಲೂಕಿನ ಪುಟದಲ್ಲಿ ಬರೆದರೆ ಹವಾಮಾನ ಬದಲಾವಣೆ ನಿಲ್ಲುತ್ತದೆಯೇ? ಮರಳಿಗೂ ಹವಾಮಾನಕ್ಕೂ ಸಂಬಂಧ ಏನು?

ಉತ್ತರ: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಒಂದು ಬಾವಿಯ ಕಥೆ ಹೇಳುತ್ತೇನೆ.

ಹೊಳೆ ದಂಡೆಯ ಒಂದು ಹಳ್ಳಿಗೆ ಏಪ್ರಿಲ್‌ನಲ್ಲಿ ಹೋಗಿದ್ದೆ. ಮನೆಯ ಅಜ್ಜಿ ಬಾವಿಕಟ್ಟೆಯ ಮೇಲೆ ಸುತ್ತಿಟ್ಟಿದ್ದ ಹಗ್ಗ ಬಿಚ್ಚಿ ತೋರಿಸಿದರು. ಮೊದಲ ಭಾಗ ತೆಂಗಿನ ನಾರಿನದು, ಕೈ ತಾಗಿ ತಾಗಿ ನುಣುಪಾಗಿತ್ತು. ಅದಕ್ಕೊಂದು ಗಂಟು ಹಾಕಿ ನೀಲಿ ನೈಲಾನ್ ಹಗ್ಗ. ಮತ್ತೊಂದು ಗಂಟು, ದನ ಕಟ್ಟುವ ಹಗ್ಗ. ಕೊನೆಯ ತುಂಡು ಇನ್ನೂ ಹೊಸದು. ‘ಇದು ಹೋದ ವರ್ಷ ಕಟ್ಟಿದ್ದು, ಇದು ಯುಗಾದಿ ಆದ್ಮೇಲೆ ಕಟ್ಟಿದ್ದು’ ಅಂದರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಹೊಳೆಗೆ ಒಂದು ಸೇತುವೆ. ಕಂಬದ ಮೇಲೆ ಹಳೆಯ ಮರಳಿನ ಗೆರೆ ಹಾಗೇ ಉಳಿದಿತ್ತು. ನಾನು ಕೆಳಗೆ ಇಳಿದು ನಿಂತರೆ ಆ ಗೆರೆ ನನ್ನ ತಲೆಗಿಂತ ಮೇಲಿತ್ತು.

ಹೊಳೆಯ ಮರಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ನಿಧಾನವಾಗಿ ಬಿಡುತ್ತದೆ. ಮರಳು ತೆಗೆದು ಹೊಳೆಯ ತಳ ಇಳಿದರೆ ಅಕ್ಕಪಕ್ಕದ ಬಾವಿಗಳ ನೀರೂ ಇಳಿಯುತ್ತದೆ. ಕರಾವಳಿಯ ಅಳಿವೆಗಳಲ್ಲಾದರೆ ಉಪ್ಪುನೀರು ಒಳಗೆ ಬರುತ್ತದೆ. ಮಳೆ ಸರಿಯಾಗಿ ಆದ ವರ್ಷ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. 2023ರಂಥ ವರ್ಷ ಬಂದಾಗ ಗೊತ್ತಾಗುತ್ತದೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಭೂಮಿ ಬಿಸಿಯಾದಷ್ಟೂ ಇಂಥ ಬರವೂ ದಿಢೀರ್ ಮಳೆಯೂ ಜಾಸ್ತಿಯಾಗುತ್ತವೆ ಎನ್ನುತ್ತಾರೆ ವಿಜ್ಞಾನಿಗಳು. ಆಕಾಶದ ಪೆಟ್ಟು ಎಲ್ಲರಿಗೂ ಒಂದೇ. ಮರಳು ಉಳಿದಿರುವ ಹೊಳೆ ಅದನ್ನು ತಡೆದುಕೊಳ್ಳುತ್ತದೆ, ಬರಿದಾದ ಹೊಳೆ ತಡೆಯುವುದಿಲ್ಲ.

ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ಹೇಳುತ್ತದೆ. ಮನೆ ಕಟ್ಟಬೇಕು, ರಸ್ತೆ ಬೇಕು, ಮರಳು ಬೇಡ ಅನ್ನಲು ಆಗುವುದಿಲ್ಲ. ಎಲ್ಲಿಂದ, ಎಷ್ಟು, ಯಾರ ಲೆಕ್ಕದಲ್ಲಿ ಅನ್ನುವುದನ್ನು ಯಾರಾದರೂ ಕೇಳಬೇಕು. ಚೀನಾದ ಹೊಗೆಯನ್ನು ನಮ್ಮ ತಾಲ್ಲೂಕಿನ ಪುಟ ನಿಲ್ಲಿಸಲಾರದು, ನಿಜ. ಆದರೆ ಆ ಅಜ್ಜಿಯ ಹಗ್ಗಕ್ಕೆ ಇನ್ನೊಂದು ಗಂಟು ಬೀಳದ ಹಾಗೆ ಮಾಡಬಹುದು. ಬಾವಿಯ ಸುದ್ದಿ ಬರೆದವರು ಯಾರೂ ಇಲ್ಲದಿದ್ದರೆ ಎಲ್ಲ ತಪ್ಪೂ ‘ಹವಾಮಾನ ಬದಲಾವಣೆ’ಯ ತಲೆಗೆ ಹೋಗುತ್ತದೆ. ಟಿಪ್ಪರ್ ಮಾಲೀಕನಿಗೆ ಅದಕ್ಕಿಂತ ಅನುಕೂಲ ಬೇರೆ ಏನಿದೆ?

ಬರೆದು ಏನಾಯಿತು ಅಂತ ಕೇಳುವವರಿಗೆ ನಾನು ಬಳ್ಳಾರಿ ನೆನಪಿಸುತ್ತೇನೆ. ಅಲ್ಲಿನ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಆ ವರದಿಯ ಬೆನ್ನೆಲುಬು ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್, ಲಾರಿ, ಬಂದರಿನ ದಾಖಲೆಗಳನ್ನು ತಾಳೆ ಹಾಕಿದ ಕೆಲಸ. ಅದಕ್ಕೂ ಮುಂಚೆ ಕೆಂಪು ಧೂಳು ತಿನ್ನುತ್ತ ಸುದ್ದಿ ಮಾಡಿದ ಎಷ್ಟೋ ಸ್ಥಳೀಯ ವರದಿಗಾರರಿದ್ದರು. ಅವರ ಹೆಸರು ಎಲ್ಲೂ ಬರಲಿಲ್ಲ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ಮಂಗಳೂರು): ಗುಡ್ಡ ಕುಸಿದರೆ, ನೆರೆ ಬಂದರೆ ಎಲ್ಲದಕ್ಕೂ ಹವಾಮಾನ ಬದಲಾವಣೆ ಅಂತ ಬರೆಯುತ್ತೀರಲ್ಲ, ಸರಿಯಾ?

ಉತ್ತರ: ಸರಿಯಲ್ಲ. ನಾನೂ ಒಮ್ಮೆ ಹಾಗೆ ಬರೆದಿದ್ದೆ. ಮರುದಿನ ಓದುಗರೊಬ್ಬರು ಫೋನ್ ಮಾಡಿ, ‘ಗುಡ್ಡದ ಬುಡವನ್ನು ಜೆಸಿಬಿ ಕಡಿದಿದ್ದನ್ನು ನೋಡಿದ್ರಾ ಸರ್?’ ಅಂದರು. ನೋಡಿರಲಿಲ್ಲ. ಮತ್ತೆ ಹೋಗಿ ನೋಡಿ, ಅದನ್ನೂ ಬರೆದೆ.

ಎರಡೂ ಸೇರಿರುತ್ತವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಸುರಿದಾಗ ಜೋರಾಗಿ ಸುರಿಯುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿದ ದಿನದ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು 10% ಹೆಚ್ಚು ಬಿರುಸಾಗಿತ್ತು ಎಂದು ‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ವಿಜ್ಞಾನಿಗಳ ತಂಡ ಲೆಕ್ಕ ಹಾಕಿತು. ಅದೇ ತಿಂಗಳು 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ, ರಸ್ತೆ ಅಗಲ ಮಾಡಲು ಗುಡ್ಡ ಕಡಿದ ರೀತಿಯನ್ನೇ ಜನ ಮೊದಲು ಕೇಳಿದರು. ಕೇಳಲೇಬೇಕು. ಮಳೆ ಎಷ್ಟು ಬಿತ್ತು ಅನ್ನುವುದಕ್ಕೆ ನಮ್ಮಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಆ ಅಂಕಿ ತೆಗೆದುಕೊಳ್ಳದೆ ‘ದಾಖಲೆ ಮಳೆ’ ಅಂತ ಬರೆಯುವುದು ಸೋಮಾರಿತನ.

ಪ್ರಶ್ನೆ (ತಾಲ್ಲೂಕು ವರದಿಗಾರ, ಊರು ಬೇಡ): ಅಣ್ಣಾ, ನಮ್ಮಲ್ಲಿ ಹೊಸದಾಗಿ ಮರಳು ಬ್ಲಾಕ್ (ಮರಳು ತೆಗೆಯಲು ಗುರುತಿಸಿದ ಜಾಗ) ಶುರುವಾಗಿದೆ. ಸೇತುವೆ ಹತ್ತಿರವೇ ತೆಗೆಯುತ್ತಿದ್ದಾರೆ. ಬರೆಯಬೇಕು ಅನಿಸುತ್ತಿದೆ. ಆದರೆ ನಾನು ಸ್ಟ್ರಿಂಗರ್, ಸಂಬಳದ ನೌಕರ ಅಲ್ಲ. ಬರುವ ಗೌರವಧನ ಪೆಟ್ರೋಲಿಗೇ ಸಾಲಲ್ಲ. ಜಾಹೀರಾತು ತಂದರೆ ಕಮಿಷನ್. ರಾಜ್ಯೋತ್ಸವಕ್ಕೆ, ದೀಪಾವಳಿಗೆ ಶುಭಾಶಯದ ಜಾಹೀರಾತು ಕೊಡುವವರೂ ಆ ಮರಳಿನವರೇ. ಏನ್ ಮಾಡ್ಲಿ?

ಉತ್ತರ: ತಮ್ಮಾ, ಈ ಗುಂಪಿನಲ್ಲಿ ಎಲ್ಲರೂ ಓದಬೇಕಾದ ಪ್ರಶ್ನೆ ಇದು. ಸುದ್ದಿ ತರುವವನಿಗೇ ಜಾಹೀರಾತನ್ನೂ ತಾ ಅನ್ನುವುದು ನಮ್ಮ ಪತ್ರಿಕೆಗಳು ಮಾಡುತ್ತಿರುವ ದೊಡ್ಡ ಅನ್ಯಾಯ. ನಾನು ಡೆಸ್ಕ್‌ನಲ್ಲಿ ಕುಳಿತು ಇದನ್ನು ಹೇಳುತ್ತಿದ್ದೇನೆ, ಮೀಟಿಂಗ್‌ನಲ್ಲೂ ಹೇಳಿದ್ದೇನೆ. ಇನ್ನೂ ಬದಲಾಗಿಲ್ಲ.

ನೀವು ಮೊದಲು ಹೊಳೆಗೆ ಹೋಗಬೇಡಿ, ಕಾಗದ ನೋಡಿ. ಪರಿಸರ ಅನುಮತಿಯ ಪತ್ರಗಳು ಕೇಂದ್ರದ ‘ಪರಿವೇಶ್’ ಪೋರ್ಟಲ್‌ನಲ್ಲಿ ಸಿಗುತ್ತವೆ. ಯಾವ ಸರ್ವೆ ನಂಬರ್, ಎಷ್ಟು ಆಳ, ವರ್ಷಕ್ಕೆ ಎಷ್ಟು ಟನ್, ಸೇತುವೆಯಿಂದ ಎಷ್ಟು ದೂರ ಬಿಡಬೇಕು ಅನ್ನುವ ಷರತ್ತು ಅದರಲ್ಲೇ ಇರುತ್ತದೆ. ಅದನ್ನು ಓದಿ ಹೋದರೆ ಕಣ್ಣಿಗೆ ಕಾಣುವುದೇ ಬೇರೆ. ಉಳಿದಿದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನುವುದು ನೆನಪಿರಲಿ, ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ಮತ್ತೊಂದು ಮಾತು. ಅರ್ಜಿ ನಿಮ್ಮ ಹೆಸರಲ್ಲಿ ಬೇಡ. ಬೆಳಿಗ್ಗೆ ಕೊಟ್ಟ ಅರ್ಜಿಯ ಹೆಸರು, ವಿಳಾಸ ಸಂಜೆಗೆ ಗುತ್ತಿಗೆದಾರನ ಮೊಬೈಲ್‌ನಲ್ಲಿ ಇದ್ದದ್ದನ್ನು ನಾನು ನೋಡಿದ್ದೇನೆ. ಬೇರೆ ಜಿಲ್ಲೆಯ ಗೆಳೆಯರಿಂದ ಹಾಕಿಸಿ. ನಮ್ಮ ಡೆಸ್ಕ್‌ನಿಂದ ನಾನೇ ಹಾಕುತ್ತೇನೆ, ಬೇಕಾದರೆ ಹೇಳಿ.

ಬೈಲೈನ್, ಅಂದರೆ ಸುದ್ದಿಯ ಮೇಲೆ ಹಾಕುವ ವರದಿಗಾರನ ಹೆಸರಿನ ಬಗ್ಗೆ. ‘ನಮ್ಮ ವರದಿಗಾರರಿಂದ’ ಅಂತ ಹಾಕಿದರೂ ತಾಲ್ಲೂಕಿನಲ್ಲಿ ಬರೆದದ್ದು ಯಾರು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಹೆಸರು ಮುಚ್ಚಿಟ್ಟರೆ ರಕ್ಷಣೆ ಸಿಗುವುದಿಲ್ಲ. ಸುದ್ದಿ ನಿಮ್ಮೊಬ್ಬರ ಕೈಯಲ್ಲಿ ಇಲ್ಲ ಅಂತ ಎದುರಿನವರಿಗೆ ಗೊತ್ತಾಗಬೇಕು. ಪಕ್ಕದ ಪತ್ರಿಕೆಯ ಗೆಳೆಯರ ಜೊತೆ ಮಾತಾಡಿ, ಮೂರು ಪತ್ರಿಕೆಯಲ್ಲಿ ಒಂದೇ ದಿನ ಬರಲಿ. ಎಕ್ಸ್‌ಕ್ಲೂಸಿವ್ ಆಸೆ ಬಿಡಿ. ಫ್ರಾನ್ಸಿನ ‘ಫರ್ಬಿಡನ್ ಸ್ಟೋರೀಸ್’ ಅನ್ನುವ ಪತ್ರಕರ್ತರ ಕೂಟ 2019ರಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದ್ದು ಇದನ್ನೇ. ಬೆದರಿಕೆಗೆ, ಸಾವಿಗೆ ನಿಂತುಹೋದ ಪರಿಸರದ ಸುದ್ದಿಗಳನ್ನು ಹಲವು ದೇಶಗಳ ಪತ್ರಕರ್ತರು ಸೇರಿ ಮುಂದುವರಿಸಿದರು. ಜಗೇಂದ್ರ ಸಿಂಗ್ ಬರೆಯುತ್ತಿದ್ದ ಮರಳಿನ ಸುದ್ದಿಯೂ ಅದರಲ್ಲಿತ್ತು. ಬರೆದವನನ್ನು ಮುಗಿಸಿದರೆ ಸುದ್ದಿ ಮುಗಿಯುತ್ತದೆ ಅನ್ನುವ ನಂಬಿಕೆ ಹೋಗಬೇಕು.

ಪ್ರಶ್ನೆ (ಯೂಟ್ಯೂಬ್ ಚಾನೆಲ್ ನಡೆಸುವವರು, ತುಮಕೂರು): ಕ್ರಷರ್ ಧೂಳಿನ ಬಗ್ಗೆ ವಿಡಿಯೊ ಹಾಕಿದ್ದಕ್ಕೆ ಲಾಯರ್ ನೋಟಿಸ್ ಬಂದಿದೆ. ಕೋಟಿ ರೂಪಾಯಿ ಕೇಳಿದ್ದಾರೆ ಮೇಲಾಗಿ ಜೈಲು ಅಂತಿದ್ದಾರೆ.

ಉತ್ತರ: ನೋಟಿಸ್ ಬಂದ ಮಾತ್ರಕ್ಕೆ ಕೇಸ್ ಆದಂತಲ್ಲ. ಗಾಬರಿಯಲ್ಲಿ ವಿಡಿಯೊ ಅಳಿಸಬೇಡಿ, ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಬೇಡಿ. ವಕೀಲರಿಂದ ಉತ್ತರ ಕೊಡಿಸಿ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ, 2 ವರ್ಷದವರೆಗೆ ಸಜೆ ಇರಬಹುದು. ಆದರೆ ಜನರ ಹಿತಕ್ಕಾಗಿ ಹೇಳಿದ ನಿಜ ಅಪರಾಧವಲ್ಲ ಅಂತ ಅದೇ ಸೆಕ್ಷನ್ ಹೇಳುತ್ತದೆ. ಜನರಿಗೆ ಗೊತ್ತಾಗಬೇಕಾದ ವಿಷಯವನ್ನು ತಡೆಯಲು ದುಡ್ಡಿರುವವರು ದಾವೆ ಹೂಡುತ್ತಾರೆ, ವಿಚಾರಣೆಗೆ ಮುಂಚೆಯೇ ತಡೆಯಾಜ್ಞೆ ಕೊಡುವಾಗ ಎಚ್ಚರ ಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಿದೆ.

ಕ್ರಷರ್‌ನವರ ಮಾತನ್ನು ವಿಡಿಯೊ ಹಾಕುವ ಮುಂಚೆ ಕೇಳಿದ್ದಿರಾ? ಕೇಳಿದ್ದರೆ ಆ ಮೆಸೇಜ್ ಜೋಪಾನ. ಕೇಳದಿದ್ದರೆ ಮುಂದಿನ ಸಲ ಬರವಣಿಗೆಯಲ್ಲೇ ಕೇಳಿ, ಎರಡು ದಿನ ಸಮಯ ಕೊಡಿ. ನಿಮ್ಮನ್ನು ಕಾಪಾಡುವುದು ಆ ಒಂದು ಮೆಸೇಜ್.

ಪ್ರಶ್ನೆ (ಗೃಹಿಣಿ, ಮೈಸೂರು): ನಾವು ಓದುವವರು ಅಷ್ಟೇ. ನಮ್ಮಿಂದ ಏನಾದರೂ ಆಗುತ್ತಾ?

ಉತ್ತರ: ಆಗುತ್ತದೆ. ಒಂದು ಹೊಳೆಯ ಸುದ್ದಿ ಬಂದ ದಿನ ಪತ್ರಿಕೆಗೆ ಎರಡು ಸಾಲು ಬರೆಯಿರಿ. ‘ಇದರ ಮುಂದಿನ ಕಥೆ ಏನಾಯಿತು?’ ಅಂತ ತಿಂಗಳ ಮೇಲೆ ಮತ್ತೆ ಕೇಳಿ. ಹತ್ತು ಪತ್ರ ಬಂದರೆ ಸಂಪಾದಕರು ಫಾಲೋಅಪ್ ಮಾಡಿಸುತ್ತಾರೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ಗಣಿಯಂಥ ಯೋಜನೆಗೆ ಅನುಮತಿ ಕೊಡುವ ಮುಂಚೆ ಜನರ ಅಭಿಪ್ರಾಯ ಕೇಳುವ ಅಹವಾಲು ಸಭೆಯ ಪ್ರಕಟಣೆ ಪೇಪರ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಅದನ್ನು ಫೋಟೊ ತೆಗೆದು ಆ ಊರಿನವರಿಗೆ ಕಳಿಸಿ.

ತಾಲ್ಲೂಕು ವರದಿಗಾರ (ಮತ್ತೆ): ಅಣ್ಣಾ, ಅನುಮತಿ ಪತ್ರ ಸಿಕ್ಕಿತು. ಸೇತುವೆ ಹತ್ತಿರ ತೆಗೆಯುವಂತಿಲ್ಲ ಅಂತ ಸ್ಪಷ್ಟವಾಗಿ ಇದೆ. ನಾಳೆ ಹೋಗಿ ಫೋಟೊ ತೆಗೆದು ಬರುತ್ತೇನೆ.

ಉತ್ತರ: ಒಬ್ಬರೇ ಬೇಡ. ಪಕ್ಕದ ಪತ್ರಿಕೆಯವರನ್ನೂ ಕರೆದುಕೊಳ್ಳಿ, ಬೆಳಿಗ್ಗೆಯೇ ಹೋಗಿ. ತೆಗೆದ ಫೋಟೊ ಅಲ್ಲಿಂದಲೇ ನನಗೆ ಕಳಿಸಿ, ಒರಿಜಿನಲ್ ಅಳಿಸಬೇಡಿ. ಟಿಪ್ಪರ್ ಅಡ್ಡ ಬಂದರೆ ಮಾತಿಗೆ ನಿಲ್ಲದೆ ವಾಪಸ್ ಬನ್ನಿ. ಮನೆ ತಲುಪಿದ ಕೂಡಲೇ ಒಂದು ಮೆಸೇಜ್ ಹಾಕಿ, ಮಧ್ಯಾಹ್ನ 12 ಗಂಟೆಯವರೆಗೆ ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ.